ಒಂದಗುಳು ಸಾಲದು: ನಮ್ಮೂರ ಕಲ್ಲುಗಳ ಲೆಕ್ಕ ನಾವೇ ಇಡೋಣ

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ.

ಕೆಲವು ವರ್ಷದ ಹಿಂದೆ ನಮ್ಮ ಪಕ್ಕದ ಊರಲ್ಲಿ ಹೊಲ ಲೇಔಟ್ ಆಗುತ್ತಿತ್ತು. ಬದುವಿನಲ್ಲಿ ಒಂದು ವೀರಗಲ್ಲು ಇತ್ತು. ಒಡೆದು ಹೋಗಬಾರದು ಅಂತ ಊರಿನ ಹುಡುಗರು ಜೆಸಿಬಿಯಲ್ಲಿ ಎತ್ತಿಸಿ ತಂದು ದೇವಸ್ಥಾನದ ಮುಂದೆ ಸಿಮೆಂಟ್ ಹಾಕಿ ನಿಲ್ಲಿಸಿದರು. ಹೂವಿನ ಹಾರ, ಅರಿಶಿನ ಕುಂಕುಮ, ಎಲ್ಲ ಆಯಿತು. 'ವೀರಗಲ್ಲು ಉಳಿಸಿದ ಯುವಕರು' ಅಂತ ಫೋಟೊ ಸಮೇತ ಸುದ್ದಿ ಬರೆದವನು ನಾನೇ.

ಸುದ್ದಿ ಓದಿದ ಒಬ್ಬ ನಿವೃತ್ತ ಮೇಷ್ಟ್ರು ಫೋನ್ ಮಾಡಿದರು. ಶಾಸನ ಓದುವ ಹವ್ಯಾಸ ಇರುವವರು. ಮೂರೇ ಪ್ರಶ್ನೆ ಕೇಳಿದರು. "ಕಲ್ಲು ಮೊದಲು ಎಲ್ಲಿತ್ತಪ್ಪ? ಯಾವ ದಿಕ್ಕಿಗೆ ಮುಖ ಮಾಡಿತ್ತು? ಅಕ್ಕಪಕ್ಕದಲ್ಲಿ ಬೇರೆ ಕಲ್ಲು ಇದ್ವಾ?"

ನನಗೆ ಒಂದೂ ಗೊತ್ತಿರಲಿಲ್ಲ. ಅಷ್ಟು ಹೊತ್ತಿಗೆ ಬದುವೂ ಇರಲಿಲ್ಲ. ಅಲ್ಲಿ ಸೈಟ್ ನಂಬರಿನ ಕಲ್ಲುಗಳು ನಿಂತಿದ್ದವು.

ಕಲ್ಲು ಉಳಿಯಿತು, ಅದು ಹೇಳಬೇಕಾದ ಅರ್ಧ ಮಾತು ಹೋಯಿತು. ಈ ಲೇಖನ ಆ ಅರ್ಧ ಮಾತಿನ ಬಗ್ಗೆ.

ಒಂದು ಕಲ್ಲು ಮತ್ತು ನೂರು ಕಲ್ಲು

ಅನ್ನ ಬೆಂದಿದೆಯೋ ಇಲ್ಲವೋ ನೋಡೋಕೆ ಒಂದಗುಳು ಸಾಕು ಅನ್ನುತ್ತಾರೆ ಹಿರಿಯರು. ಒಂದೇ ಪಾತ್ರೆ, ಒಂದೇ ಅಕ್ಕಿ ಆದರೆ ಆ ಮಾತು ಸರಿ. ಊರಿನ ಇತಿಹಾಸ ಒಂದೇ ಪಾತ್ರೆಯಲ್ಲಿ ಬೆಂದ ಅನ್ನ ಅಲ್ಲ.

ಒಂದು ವೀರಗಲ್ಲು ಒಬ್ಬ ವೀರನ ಕಥೆ ಹೇಳುತ್ತದೆ. ದನ ಹೊಡೆದುಕೊಂಡು ಹೋದವರ ಜೊತೆ ಕಾದಾಡಿ ಸತ್ತವನು, ಊರು ಕಾಯಲು ಹೋಗಿ ಸತ್ತವನು, ಹುಲಿ ಜೊತೆ, ಹಂದಿ ಜೊತೆ ಹೋರಾಡಿ ಸತ್ತವನು. ಆದರೆ ಒಂದು ಹೋಬಳಿಯ ಎಲ್ಲ ವೀರಗಲ್ಲುಗಳನ್ನೂ ಎಣಿಸಿ, ಯಾವುದು ಎಲ್ಲಿದೆ, ಯಾವ ಕಾಲದ್ದು ಅಂತ ನಕ್ಷೆಯಲ್ಲಿ ಚುಕ್ಕಿ ಇಟ್ಟರೆ ಬೇರೆಯದೇ ಕಥೆ ಸಿಗುತ್ತದೆ. ದನಕ್ಕಾಗಿ ಸತ್ತವರ ಕಲ್ಲುಗಳೆಲ್ಲ ಒಂದೇ ಸಾಲಿನಲ್ಲಿ ಬಿದ್ದರೆ, ಅಲ್ಲಿ ಹಳೆಯ ಗಡಿ ಇತ್ತೋ, ಗೋಮಾಳ ಇತ್ತೋ ಅಂತ ಹುಡುಕಬಹುದು. ಕೆರೆ ಕಟ್ಟಿಸಿದ ಶಾಸನಗಳು ಯಾವ ಶತಮಾನದಲ್ಲಿ ಹೆಚ್ಚು ಅಂತ ನೋಡಿದರೆ, ಬೇಸಾಯ ಯಾವಾಗ ಹರಡಿತು ಅಂತ ಊಹಿಸಬಹುದು.

ಪುರಾತತ್ವ ಮತ್ತು ಮಾನವಶಾಸ್ತ್ರದಲ್ಲಿ ಸಂಖ್ಯಾಶಾಸ್ತ್ರ ಬಳಸುವುದು ಅಂದರೆ ಮೂಲದಲ್ಲಿ ಇಷ್ಟೇ. ಎಣಿಸುವುದು, ಅಳೆಯುವುದು, ಹೋಲಿಸುವುದು, ಎಷ್ಟರ ಮಟ್ಟಿಗೆ ನಂಬಬಹುದು ಅಂತ ಪ್ರಾಮಾಣಿಕವಾಗಿ ಹೇಳುವುದು.

ಇದು ನಮಗೆ ದೂರದ ವಿದ್ಯೆಯೂ ಅಲ್ಲ. ಜಗತ್ತಿನ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾದ ಸಿ.ಆರ್. ರಾವ್ ಹುಟ್ಟಿದ್ದು 1920ರಲ್ಲಿ, ನಮ್ಮ ಹೂವಿನಹಡಗಲಿಯಲ್ಲಿ. 1946ರಲ್ಲಿ ಅವರು ಕೇಂಬ್ರಿಡ್ಜ್‌ಗೆ ಹೋಗಿದ್ದು ಸುಡಾನಿನ ಜೆಬೆಲ್ ಮೋಯಾ ಎಂಬಲ್ಲಿ ಅಗೆದು ತೆಗೆದಿದ್ದ ಅಸ್ಥಿಪಂಜರಗಳ ಅಳತೆಗಳನ್ನು ವಿಶ್ಲೇಷಿಸಲು. ಹಲವು ಅಳತೆಗಳನ್ನು ಒಟ್ಟಿಗೆ ಇಟ್ಟು ಎರಡು ಗುಂಪುಗಳ ನಡುವೆ ಎಷ್ಟು ಅಂತರ ಇದೆ ಅಂತ ಲೆಕ್ಕ ಹಾಕುವ ವಿಧಾನವನ್ನು ಅವರ ಗುರು ಪಿ.ಸಿ. ಮಹಲನೋಬಿಸ್ ಕಲ್ಕತ್ತದಲ್ಲಿ ರೂಪಿಸಿದ್ದರು. ಅದನ್ನೇ ರಾವ್ ಅಲ್ಲಿ ಬಳಸಿ ಬೆಳೆಸಿದರು.

ಕಲಕದ ಹಾಲಿನ ಸ್ಯಾಂಪಲ್

ಲೆಕ್ಕ ಎಲ್ಲಿ ಕೆಡುತ್ತದೆ ಅನ್ನುವುದು ಡೇರಿಗೆ ಹಾಲು ಹಾಕುವವರಿಗೆ ಚೆನ್ನಾಗಿ ಗೊತ್ತು. ಹಾಲನ್ನು ಕಲಕಿ ಸ್ಯಾಂಪಲ್ ತೆಗೆಯಬೇಕು. ಕಲಕದೆ ಮೇಲಿನಿಂದ ತೆಗೆದರೆ ಕೆನೆ ಬಂದು ಫ್ಯಾಟ್ ಜಾಸ್ತಿ ತೋರಿಸುತ್ತದೆ. ಮಿಷನ್ ಸರಿ ಇದೆ, ಲೆಕ್ಕವೂ ಸರಿ ಇದೆ, ತೆಗೆದ ಸ್ಯಾಂಪಲ್ಲೇ ತಪ್ಪು.

ನಮ್ಮ ಇತಿಹಾಸದ ಸ್ಯಾಂಪಲ್ಲೂ ಹೀಗೆ ಕಲಕದ ಹಾಲು.

ಮೈಸೂರು ಸಂಸ್ಥಾನದ ಕಾಲದಲ್ಲಿ ಬಿ.ಎಲ್. ರೈಸ್ ಅವರು ಊರೂರಿನ ಶಾಸನಗಳನ್ನು ಪ್ರತಿ ಮಾಡಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ತಂದರು. ಬೆಂಗಳೂರು ಜಿಲ್ಲೆಯದು 9ನೇ ಸಂಪುಟ, ಬಂದಿದ್ದು 1905ರಲ್ಲಿ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಹೀಗೆ ತಾಲ್ಲೂಕುವಾರು ನಂಬರ್ ಕೊಟ್ಟು, ಯಾವ ಊರಿನ ಯಾವ ಜಾಗದಲ್ಲಿ ಕಲ್ಲು ಇದೆ ಅಂತ ಬರೆದಿದ್ದಾರೆ. ನೂರು ವರ್ಷ ಕಳೆದರೂ ಎಲ್ಲರೂ ಹಿಡಿದು ಕೂರುವುದು ಅದನ್ನೇ. ಅಷ್ಟು ದೊಡ್ಡ ಕೆಲಸ.

ಆದರೆ ಅದು ಶಾಸನಗಳ ಪುಸ್ತಕ. ಅಕ್ಷರ ಇಲ್ಲದ ವೀರಗಲ್ಲು, ಮಾಸ್ತಿಕಲ್ಲು ಆ ಲೆಕ್ಕಕ್ಕೆ ಬರಲಿಲ್ಲ. ನಮ್ಮ ಬದುಗಳಲ್ಲಿ, ಕೆರೆ ಏರಿಗಳಲ್ಲಿ ಬರೀ ಶಿಲ್ಪ ಇರುವ, ಒಂದಕ್ಷರವೂ ಇಲ್ಲದ ಕಲ್ಲುಗಳು ಎಷ್ಟಿವೆ ನೀವೇ ನೋಡಿ. ಬರೆಸುವವರು ಇದ್ದವನ ಹೆಸರು ಪುಸ್ತಕ ಸೇರಿತು. ಬರೆಸುವವರಿಲ್ಲದವನು ಆಗಲೂ ಲೆಕ್ಕಕ್ಕಿಲ್ಲ, ಈಗಲೂ ಲೆಕ್ಕಕ್ಕಿಲ್ಲ.

ಇನ್ನೊಂದು ಉದಾಹರಣೆ. 'ಬೆಂಗಳೂರು' ಎಂಬ ಹೆಸರಿರುವ ಬೇಗೂರಿನ ವೀರಗಲ್ಲು ಸುಮಾರು ಕ್ರಿ.ಶ. 890ರದು. ಈ ಸೀಮೆಯ ಹಳೆಯ ಕಥೆ ಹೇಳುವಾಗ ಅದನ್ನೇ ಮುಂದಿಡುತ್ತಿದ್ದರು. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಕೆಲಸಕ್ಕೆ ಅಗೆಯುವಾಗ ಕಿತ್ತಯ್ಯ ಎಂಬ ವೀರನ ಕಲ್ಲು ಕಣ್ಣಿಗೆ ಬಿತ್ತು. ಅದು ಸುಮಾರು ಕ್ರಿ.ಶ. 750ರದು, ಗಂಗರ ಶ್ರೀಪುರುಷನ ಕಾಲದ್ದು. ಒಂದು ಚರಂಡಿಯಿಂದ ಕಥೆ 140 ವರ್ಷ ಹಿಂದಕ್ಕೆ ಹೋಯಿತು.

ಸಿಕ್ಕಿರುವುದು ಬೇರೆ, ಇದ್ದದ್ದು ಬೇರೆ. 'ನಮ್ಮೂರಲ್ಲಿ ಐದು ಶಾಸನ ಇದೆ, ನಿಮ್ಮೂರಲ್ಲಿ ಒಂದೂ ಇಲ್ಲ, ನಮ್ಮೂರೇ ಹಳೇದು' ಅಂತ ಜಗಳ ಆಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ನಿಮ್ಮೂರ ಕಲ್ಲು ಯಾವುದೋ ಸೇತುವೆಯ ಅಡಿಪಾಯದಲ್ಲಿ ಇರಬಹುದು.

ಅಂಕಿ ಯಾರ ಕೈಯಲ್ಲಿದೆ?

ಅಂಕಿ ಸುಳ್ಳು ಹೇಳುವುದಿಲ್ಲ ಅನ್ನುತ್ತಾರೆ. ಹೇಳಿಸುವವರಿದ್ದರೆ ಹೇಳುತ್ತದೆ. ಬ್ರಿಟಿಷರ ಕಾಲದಲ್ಲಿ ರಿಸ್ಲೆ ಎಂಬ ಅಧಿಕಾರಿ ಜನರ ಮೂಗಿನ ಅಳತೆ ತೆಗೆಸಿ, ಅದರ ಮೇಲೆ ಜಾತಿಗಳನ್ನು ಮೇಲು ಕೀಳು ಅಂತ ಜೋಡಿಸಲು ಹೊರಟ. ಟೇಪು ಹಿಡಿದವನ ಮನಸ್ಸಿನಲ್ಲಿ ಇದ್ದದ್ದೇ ಕೊನೆಗೆ ಕೋಷ್ಟಕದಲ್ಲಿ ಬಂತು. ಆದ್ದರಿಂದ ಎಣಿಸುವ ಕೆಲಸ ಎಷ್ಟು ಮುಖ್ಯವೋ, ಯಾಕೆ ಎಣಿಸುತ್ತಿದ್ದೇವೆ ಅನ್ನುವುದೂ ಅಷ್ಟೇ ಮುಖ್ಯ. ಜಾತಿಗೊಂದು ಕಲ್ಲು, ಪಕ್ಷಕ್ಕೊಂದು ಶಾಸನ ಹಂಚಿಕೊಳ್ಳಲು ಈ ಲೆಕ್ಕ ಬೇಡ.

ನನ್ನ ಅಭಿಪ್ರಾಯ ಇಷ್ಟು. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಒಂದು ಕಲ್ಲಿನ ಪುಸ್ತಕ ಇರಬೇಕು. ಬೋರ್‌ವೆಲ್ ಲೆಕ್ಕ ಇರುವ ಹಾಗೆ, ಬೀದಿ ದೀಪದ ಲೆಕ್ಕ ಇರುವ ಹಾಗೆ.

ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಈ ಭಾಗದ ಶಾಸನಗಳನ್ನು ಹುಡುಕಿ ತ್ರೀಡಿ ಸ್ಕ್ಯಾನ್ ಮಾಡುತ್ತಿದೆ. ಒಳ್ಳೆಯ ಕೆಲಸ. ಆದರೆ ಹೊರಗಿನಿಂದ ಬರುವ ತಂಡ ಎಷ್ಟು ಬದು ಸುತ್ತಲು ಸಾಧ್ಯ? ದನ ಮೇಯಿಸುವ ಅಜ್ಜನಿಗೆ ಗೊತ್ತಿರುವ ಕಲ್ಲು ಯಾವ ಸಂಶೋಧಕನಿಗೂ ಗೊತ್ತಿಲ್ಲ. ದೊಡ್ಡಬಳ್ಳಾಪುರದ ರಾಜಘಟ್ಟದಲ್ಲಿ ಜನ ಒಂದು ದಿಬ್ಬವನ್ನು 'ಬೌದ್ಧರ ದಿನ್ನೆ' ಅಂತಲೇ ಕರೆಯುತ್ತಿದ್ದರು. 2001ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದವರು ಅಗೆದಾಗ ನಿಜವಾಗಿಯೂ ಬೌದ್ಧ ಚೈತ್ಯ, ವಿಹಾರದ ಅವಶೇಷ ಸಿಕ್ಕಿತು. ಊರವರ ಬಾಯಲ್ಲಿದ್ದ ಹೆಸರೇ ಸಾಕ್ಷಿಯಾಗಿತ್ತು. ಆ ದಿಬ್ಬವನ್ನು ಯಾರಾದರೂ ಮೊದಲೇ ಮಟ್ಟ ಮಾಡಿದ್ದರೆ ಬರೀ ಹೆಸರು ಉಳಿಯುತ್ತಿತ್ತು.

'ಹೇಳಿದರೆ ಸರ್ಕಾರ ಜಮೀನು ಕಿತ್ತುಕೊಳ್ಳುತ್ತೆ' ಅನ್ನುವ ಭಯ ರೈತರಲ್ಲಿದೆ. ವಿಮಾನ ನಿಲ್ದಾಣ, ಕೈಗಾರಿಕಾ ಪ್ರದೇಶ, ವರ್ತುಲ ರಸ್ತೆ ಅಂತ ಜಮೀನು ಕಳೆದುಕೊಂಡವರ ನಾಡು ಇದು. ಭಯ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಪುಸ್ತಕದಲ್ಲಿ ಬರೆದಿಡುವುದು ಬೇರೆ, ಸಂರಕ್ಷಿತ ಸ್ಮಾರಕ ಮಾಡುವುದು ಬೇರೆ. ಸಂರಕ್ಷಿತ ಮಾಡಲು ಸರ್ಕಾರ ಪ್ರತ್ಯೇಕ ಅಧಿಸೂಚನೆ ಹೊರಡಿಸಬೇಕು, ಆಕ್ಷೇಪಣೆಗೆ ಅವಕಾಶ ಕೊಡಬೇಕು. ಬದುವಿನ ಕಲ್ಲಿನ ಫೋಟೊ ತೆಗೆದ ಮಾತ್ರಕ್ಕೆ ಪಹಣಿ ಬದಲಾಗುವುದಿಲ್ಲ.

'ಇದರಿಂದ ಹೊಟ್ಟೆ ತುಂಬುತ್ತಾ?' ಅಂತಲೂ ಕೇಳುತ್ತಾರೆ. ತುಂಬುವುದಿಲ್ಲ. ಆದರೆ ಹೊಲ ಹೋದ ಮೇಲೆ ನಾವು ಈ ಮಣ್ಣಿನವರು ಅಂತ ಮಕ್ಕಳಿಗೆ ತೋರಿಸಲು ಏನಿರುತ್ತದೆ? ಲೇಔಟಿಗೆ ಯಾವುದೋ ಇಂಗ್ಲಿಷ್ ಹೆಸರು ಇಟ್ಟಾಗಿದೆ. ಊರಿನ ಹೆಸರೂ ಕಮಾನಿನ ಮೇಲಿಂದ ಇಳಿಯುತ್ತಿದೆ.

ನೀವು ಮಾಡಬಹುದಾದ್ದು

ಫೋನ್ ಇದೆಯಲ್ಲ, ಅಷ್ಟು ಸಾಕು.

ಕಲ್ಲು ಇರುವ ಜಾಗದಲ್ಲೇ ಲೊಕೇಶನ್ ಆನ್ ಮಾಡಿ ಫೋಟೊ ತೆಗೆಯಿರಿ. ಒಂದು ಹತ್ತಿರದಿಂದ, ಒಂದು ದೂರದಿಂದ, ಸುತ್ತಲಿನ ಜಾಗ ಕಾಣುವ ಹಾಗೆ. ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಮುಖ ಯಾವ ದಿಕ್ಕಿಗಿದೆ, ಸರ್ವೆ ನಂಬರ್ ಎಷ್ಟು, ಆ ಜಾಗವನ್ನು ಹಿರಿಯರು ಏನಂತ ಕರೆಯುತ್ತಾರೆ ಬರೆದುಕೊಳ್ಳಿ. ಬೇರೆ ಕಡೆಯಿಂದ ತಂದು ನಿಲ್ಲಿಸಿದ್ದರೆ, ಮೊದಲು ಎಲ್ಲಿತ್ತು ಅಂತ ಕೇಳಿ ಅದನ್ನೂ ಬರೆಯಿರಿ. ಅಕ್ಷರ ಇಲ್ಲದ ಕಲ್ಲನ್ನೂ ಬಿಡಬೇಡಿ. ಎಣ್ಣೆ, ಪೇಂಟ್, ಆಸಿಡ್ ಏನೂ ಹಾಕಬೇಡಿ. ನಿಧಿ ಇದೆ ಅಂತ ಬುಡ ಅಗೆಯುವವರು ಬಂದರೆ ಪೊಲೀಸರಿಗೆ ಹೇಳಿ.

ಇನ್ನೊಂದು ಮಾತು. ಹುಡುಕಿ ಏನೂ ಸಿಗದಿದ್ದರೆ 'ಇಡೀ ಊರು ಹುಡುಕಿದೆವು, ಸಿಗಲಿಲ್ಲ' ಅಂತ ಅದನ್ನೂ ಬರೆದಿಡಿ. ಸಂಖ್ಯಾಶಾಸ್ತ್ರದಲ್ಲಿ ಸೊನ್ನೆಗೂ ಬೆಲೆ ಇದೆ. ಹುಡುಕಿ ಸಿಗದ ಊರು ಬೇರೆ, ಯಾರೂ ಹುಡುಕದೇ ಇರುವ ಊರು ಬೇರೆ. ಎರಡನ್ನೂ ಒಂದೇ ಖಾಲಿ ಜಾಗ ಅಂತ ತೋರಿಸಿದರೆ ನಕ್ಷೆಯೇ ಸುಳ್ಳಾಗುತ್ತದೆ.

ಆ ಮೇಷ್ಟ್ರು ಕೇಳಿದ ಮೂರು ಪ್ರಶ್ನೆಗೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ. ನಿಮ್ಮೂರ ಬದುವಿನಲ್ಲಿ ಇನ್ನೂ ಕಲ್ಲು ನಿಂತಿದ್ದರೆ, ನಿಮ್ಮ ಹತ್ತಿರ ಉತ್ತರ ಇದೆ. ಈ ಭಾನುವಾರ ಹೋಗಿ ಬರೆದುಕೊಂಡು ಬನ್ನಿ. ಜೆಸಿಬಿ ಸೋಮವಾರ ಬರಬಹುದು.