ಕೀಲುನೋವು ಮತ್ತು ಆಟೊಮ್ಯಾಟಿಕ್ ಕಾರು: ಕೊಳ್ಳುವ ಮುನ್ನ ಯೋಚಿಸಬೇಕಾದ ಕೆಲವು ಸಂಗತಿಗಳು

ವ್ಯಾಪಾರಸ್ಥರಿಗೆ ಹಾಗೂ ಸಣ್ಣ ಕೈಗಾರಿಕೋದ್ಯಮಿಗಳಿಗೆ ಕಾರು ಅರ್ಧ ಕಚೇರಿಯಿದ್ದಂತೆ. ಬೆಳಿಗ್ಗೆ ಬ್ಯಾಂಕು, ಮಧ್ಯಾಹ್ನ ಕಾರ್ಖಾನೆ, ಸಂಜೆ ಗಿರಾಕಿಗಳ ಭೇಟಿ, ವಾರಕ್ಕೊಮ್ಮೆ ಪರ ಊರಿನ ವಸೂಲಿ ಎಂದು ದಿನದ ಹಲವು ಗಂಟೆಗಳು ಚಾಲಕನ ಆಸನದಲ್ಲಿಯೇ ಕಳೆಯುತ್ತವೆ. ಐವತ್ತು ದಾಟುತ್ತಿದ್ದಂತೆ ಮಂಡಿ, ಸೊಂಟ, ಹೆಬ್ಬೆರಳ ಬುಡ ಇವುಗಳಲ್ಲಿ ನೋವು ಕಾಣಿಸಿಕೊಳ್ಳುವುದು ನಮ್ಮಲ್ಲಿ ಅಪರೂಪವೇನಲ್ಲ. ಆದರೆ ಅದನ್ನು ಹೊರಗೆ ಹೇಳಿಕೊಳ್ಳುವವರು ಕಡಿಮೆ. ಮಾಲೀಕನೇ ಕುಂಟುತ್ತಿದ್ದಾನೆಂದು ತಿಳಿದರೆ ಬ್ಯಾಂಕಿನವರು, ಗಿರಾಕಿಗಳು ಏನೆಂದುಕೊಂಡಾರು ಎಂಬ ಅಳುಕು ಇದಕ್ಕೆ ಕಾರಣ. ಯಂತ್ರದ ಬೇರಿಂಗು ಸವೆದರೆ ಅಂದೇ ಬದಲಿಸುವ ನಾವು ನಮ್ಮ ಮಂಡಿಯ ವಿಷಯದಲ್ಲಿ ವರ್ಷಗಟ್ಟಲೆ ಉದಾಸೀನ ತೋರುತ್ತೇವೆ.

ಇದೇ ವಯಸ್ಸಿನಲ್ಲಿ ಇನ್ನೊಂದು ಆಸೆಯೂ ತಲೆ ಎತ್ತುತ್ತದೆ. ಇಪ್ಪತ್ತೈದು, ಮೂವತ್ತು ವರ್ಷ ದುಡಿದು, ಮಕ್ಕಳ ಓದು, ಮದುವೆಗಳನ್ನು ಮುಗಿಸಿ, ಸಾಲ ತೀರಿಸಿದ ಮೇಲೆ, ಮನಸ್ಸಿಗೆ ಒಪ್ಪುವ ಚುರುಕಾದ ಕಾರೊಂದನ್ನು ಕೊಳ್ಳಬೇಕೆಂಬ ಆಸೆ ಅದು. ಇದನ್ನು ಶೋಕಿ ಎಂದು ಹೀಗಳೆಯುವುದು ಸರಿಯಲ್ಲ. ದುಡಿದವನಿಗೆ ತನ್ನ ದುಡಿಮೆಯ ಫಲವನ್ನು ಅನುಭವಿಸುವ ಹಕ್ಕಿದೆ. ಆದರೆ ಈ ನೋವೂ ಈ ಆಸೆಯೂ ಒಟ್ಟಿಗೆ ಷೋರೂಮಿಗೆ ಹೋದಾಗ ಮಾರಾಟ ಪ್ರತಿನಿಧಿಯಿಂದ ಸಿಗುವ ಉತ್ತರ ಒಂದೇ: "ಆಟೊಮ್ಯಾಟಿಕ್ ತೆಗೆದುಕೊಳ್ಳಿ ಸಾರ್, ಯಾವ ತೊಂದರೆಯೂ ಇಲ್ಲ." ಈ ಮಾತು ಅರ್ಧ ಸತ್ಯವೆಂಬುದು ನನ್ನ ಅಭಿಪ್ರಾಯ. ಸ್ವಯಂಚಾಲಿತ ಗೇರು ಪರಿಹರಿಸುವುದು ಎಡಗಾಲಿನ ಕಷ್ಟವನ್ನು ಮಾತ್ರ. ಉಳಿದುದನ್ನು ನಿರ್ಧರಿಸುವುದು ಆಸನದ ಎತ್ತರ, ಸಸ್ಪೆನ್ಷನ್ನಿನ ಗುಣ ಮತ್ತು ನೋವಿರುವ ಕೀಲು ಯಾವುದೆಂಬ ಸಂಗತಿ.

ಕ್ಲಚ್ಚಿನ ಲೆಕ್ಕ

ಮೊದಲಿಗೆ ಎಡಗಾಲಿನ ವಿಚಾರವನ್ನೇ ನೋಡೋಣ. ಪೀಣ್ಯದಿಂದ ಬೊಮ್ಮಸಂದ್ರಕ್ಕೆ ದಟ್ಟಣೆಯ ವೇಳೆಯಲ್ಲಿ ಒಂದೂವರೆ ಗಂಟೆ ಹಿಡಿಯಿತೆಂದು ಇಟ್ಟುಕೊಳ್ಳೋಣ. ನಿಮಿಷಕ್ಕೆ ನಾಲ್ಕು ಬಾರಿ ಕ್ಲಚ್ಚನ್ನು ಒತ್ತಿದರೂ ಹೋಗಲು 360, ಹೋಗಿಬರಲು 720 ಬಾರಿ. ತಿಂಗಳಿಗೆ 25 ದಿನ ಹೀಗೆ ಓಡಾಡಿದರೆ 18,000 ಬಾರಿ ಮಂಡಿ ಬಾಗಿ ನೆಟ್ಟಗಾಗಬೇಕು. ಕಾರ್ಖಾನೆಯಲ್ಲಿ ಒಬ್ಬ ಕೆಲಸಗಾರನಿಗೆ ಇಷ್ಟು ಬಾರಿ ಕಾಲಿನಿಂದ ಪ್ರೆಸ್ ತುಳಿಯಲು ಹೇಳಿದರೆ ಅವನು ಬೇಸತ್ತು ಬೇರೆ ಕೆಲಸ ಹುಡುಕಿಯಾನು. ನಾವಾದರೋ ಈ ದುಡಿಮೆಯನ್ನು ನಮ್ಮ ಮಂಡಿಗೆ ನಾವೇ ವಿಧಿಸಿಕೊಂಡಿದ್ದೇವೆ.

ಆಟೊಮ್ಯಾಟಿಕ್ ಕಾರು ಮುದುಕರಿಗೆ, ಇಲ್ಲವೇ ಹೊಸದಾಗಿ ಕಲಿಯುವವರಿಗೆ ಎಂಬ ಭಾವನೆ ನಮ್ಮಲ್ಲಿ ಬಹುಕಾಲ ಇತ್ತು. ಮೈಲೇಜು ಕಡಿಮೆ, ದುರಸ್ತಿ ದುಬಾರಿ ಎಂಬ ಆಕ್ಷೇಪಗಳೂ ಇದ್ದವು. ಈ ಭಾವನೆಗೆ ಈಗ ಆಧಾರವಿಲ್ಲ. ವೇಗದ ಕಾರುಗಳಿಗೆ ಹೆಸರಾದ ಇಟಲಿಯ ಫೆರಾರಿ ಸಂಸ್ಥೆಯೇ 2010ರ ದಶಕದ ಆರಂಭದಲ್ಲಿ ಕ್ಲಚ್ ಪೆಡಲಿನ ಕಾರುಗಳ ತಯಾರಿಕೆಯನ್ನು ಕೈಬಿಟ್ಟಿತು. ನಮ್ಮ ಬೆಂಗಳೂರಿನಲ್ಲಿಯೇ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ವಿದ್ಯುತ್ ಕಾರಿನಲ್ಲಿ ಕ್ಲಚ್ಚೇ ಇರಲಿಲ್ಲ. ಆದುದರಿಂದ ಆಟೊಮ್ಯಾಟಿಕ್ ಕೊಂಡವರು ಚಾಲನೆಯ ಕೌಶಲವನ್ನು ಬಿಟ್ಟುಕೊಟ್ಟರೆಂದು ತಿಳಿಯಬೇಕಾಗಿಲ್ಲ.

ಒಂದೇ ಹೆಸರು, ಹಲವು ಬಗೆ

ಆಟೊಮ್ಯಾಟಿಕ್ ಎಂಬ ಒಂದೇ ಪದದಡಿಯಲ್ಲಿ ಬೇರೆ ಬೇರೆ ಯಂತ್ರಗಳು ಅಡಗಿವೆ. ಕೀಲುನೋವು ಇರುವವರು ಇವುಗಳ ವ್ಯತ್ಯಾಸವನ್ನು ಅರಿಯುವುದು ಅಗತ್ಯ.

ಮೊದಲನೆಯದು ಎ.ಎಂ.ಟಿ. ಸಾಮಾನ್ಯ ಗೇರುಪೆಟ್ಟಿಗೆಗೇ ಯಂತ್ರದ ಕೈಕಾಲುಗಳನ್ನು ಜೋಡಿಸಿದ ವ್ಯವಸ್ಥೆ ಇದು. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ಇದು ಸಾಮಾನ್ಯರ ಕೈಗೆಟುಕಿತು. ಬೆಲೆ ಕಡಿಮೆ, ಇಂಧನ ವೆಚ್ಚವೂ ಹಿತಮಿತ. ಆದರೆ ಗೇರು ಬದಲಾಗುವಾಗ ವಾಹನ ತುಸು ಜಗ್ಗುತ್ತದೆ. ಕುತ್ತಿಗೆ ಅಥವಾ ಬೆನ್ನುಹುರಿಯ ನೋವಿದ್ದವರಿಗೆ ಈ ಜಗ್ಗಾಟ ದಿನದ ಕೊನೆಯಲ್ಲಿ ಗೊತ್ತಾಗುತ್ತದೆ.

ಎರಡನೆಯದು ಟಾರ್ಕ್ ಕನ್ವರ್ಟರ್. ಎಂಜಿನಿನ ಶಕ್ತಿಯನ್ನು ತೈಲದ ಮೂಲಕ ಗೇರುಪೆಟ್ಟಿಗೆಗೆ ಸಾಗಿಸುವ ಹಳೆಯ, ಪಳಗಿದ ತಂತ್ರ ಇದು. ಅಮೆರಿಕದಲ್ಲಿ ಓಲ್ಡ್ಸ್‌ಮೊಬೀಲ್ ಕಾರುಗಳ 1940ರ ಮಾದರಿಯೊಂದಿಗೆ ಬಂದ ಹೈಡ್ರಾಮ್ಯಾಟಿಕ್ ಗೇರುಪೆಟ್ಟಿಗೆಯ ಕಾಲದಿಂದಲೂ ತೈಲವನ್ನು ನೆಚ್ಚಿದ ಈ ಪರಂಪರೆ ಬೆಳೆದು ಬಂದಿದೆ. ನಿಂತು ಚಲಿಸುವ ದಟ್ಟಣೆಯಲ್ಲಿ ಇದರಷ್ಟು ನಯವಾದುದು ಕಡಿಮೆ.

ಮೂರನೆಯದು ಸಿ.ವಿ.ಟಿ. ಇದರಲ್ಲಿ ಹಲ್ಲಿನ ಗೇರುಗಳ ಬದಲು ಪಟ್ಟಿ ಮತ್ತು ರಾಟೆಗಳಿರುತ್ತವೆ. ಜಗ್ಗಾಟವೆಂಬುದೇ ಇಲ್ಲ. ಆದರೆ ಜೋರಾಗಿ ತುಳಿದಾಗ ಸದ್ದು ಮುಂದೆ, ವೇಗ ಹಿಂದೆ ಎಂಬಂತೆ ಆಗುವುದರಿಂದ ಚುರುಕನ್ನು ಬಯಸುವವರಿಗೆ ಇದು ರುಚಿಸದು.

ನಾಲ್ಕನೆಯದು ಎರಡು ಕ್ಲಚ್ಚುಗಳ ಡಿ.ಸಿ.ಟಿ. ಸ್ಪೋರ್ಟ್ಸ್ ಎಂಬ ಹೆಸರು ಹೊತ್ತ ಹಲವು ಕಾರುಗಳಲ್ಲಿ ಇರುವುದು ಇದೇ. ಗೇರು ಬದಲಾವಣೆ ಕ್ಷಣಾರ್ಧದಲ್ಲಿ ಮುಗಿಯುತ್ತದೆ, ಹೆದ್ದಾರಿಯಲ್ಲಿ ಅತ್ಯಂತ ಹಿತಕರ. ಆದರೆ ತೈಲದಲ್ಲಿ ಮುಳುಗಿರದ ಒಣ ಕ್ಲಚ್ಚಿನ ಬಗೆಯದಾದರೆ, ಆಮೆಯ ವೇಗದ ದಟ್ಟಣೆಯಲ್ಲಿ ಬಿಸಿಯಾಗುವ, ತುಸು ಹಿಂಜರಿಯುವ ಸ್ವಭಾವ ಇರುತ್ತದೆ. ದಿನವೂ ನಗರದೊಳಗೇ ಓಡಾಡುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಫೋಕ್ಸ್‌ವ್ಯಾಗನ್ ವರ್ಟಸ್ 2022ರಲ್ಲಿ ಬಂದಾಗ ಒಂದು ಲೀಟರ್ ಎಂಜಿನಿಗೆ ಟಾರ್ಕ್ ಕನ್ವರ್ಟರ್, ಒಂದೂವರೆ ಲೀಟರ್ ಎಂಜಿನಿಗೆ ಡಿ.ಸಿ.ಟಿ. ಎಂದು ಎರಡನ್ನೂ ನೀಡಿತು. ಒಂದೇ ಕಾರಿನಲ್ಲಿ ಎರಡು ಬಗೆಗಳಿದ್ದಾಗ ಶಕ್ತಿಯ ಅಂಕಿಯನ್ನಷ್ಟೇ ನೋಡದೆ ತಮ್ಮ ದಾರಿಯನ್ನೂ ನೋಡಿ ಆರಿಸುವುದು ಜಾಣತನ.

ವಿದ್ಯುತ್ ಕಾರಿನಲ್ಲಿ ಸಾಮಾನ್ಯವಾಗಿ ಗೇರು ಬದಲಾವಣೆಯೇ ಇರುವುದಿಲ್ಲ. ತುಳಿದೊಡನೆ ಚಿಮ್ಮುವ ಗುಣದಿಂದ ವೇಗದ ಆಸೆಯೂ ತೀರುತ್ತದೆ.

ಆಸನವೇ ನಿಜವಾದ ಪರೀಕ್ಷೆ

ಕೀಲುನೋವಿನವರು ಎಡವುವುದು ಹೆಚ್ಚಾಗಿ ಇಲ್ಲಿ. ಗೇರುಪೆಟ್ಟಿಗೆಯ ಬಗ್ಗೆ ಹತ್ತು ಪ್ರಶ್ನೆ ಕೇಳುವವರು ಆಸನದ ಬಗ್ಗೆ ಒಂದನ್ನೂ ಕೇಳುವುದಿಲ್ಲ. ಪೋರ್ಷೆ 911ರಂತಹ ನಿಜವಾದ ಸ್ಪೋರ್ಟ್ಸ್ ಕಾರಿನ ಎತ್ತರ ಸುಮಾರು 1.3 ಮೀಟರ್, ಸಾಮಾನ್ಯ ಸೆಡಾನಿನದು ಸುಮಾರು 1.5 ಮೀಟರ್. ಈ 20 ಸೆಂಟಿಮೀಟರಿನಲ್ಲಿಯೇ ನಮ್ಮ ಮಂಡಿಯ ಸುಖದುಃಖ ಅಡಗಿದೆ. ತಗ್ಗಿನ ಆಸನದಲ್ಲಿ ಕುಳಿತಾಗ ಸೊಂಟವು ಮಂಡಿಗಿಂತ ಕೆಳಗಿಳಿಯುತ್ತದೆ. ಏಳುವಾಗ ಇಡೀ ದೇಹದ ಭಾರ ಪೂರ್ಣವಾಗಿ ಮಡಚಿದ ಮಂಡಿಯ ಮೇಲೆ ಬೀಳುತ್ತದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಊಟ ಮಾಡಲು ಆಗದವರು ಇಂತಹ ಕಾರಿನಿಂದ ದಿನಕ್ಕೆ ಹತ್ತು ಬಾರಿ ಇಳಿದು ಹತ್ತುವುದು ಹೇಗೆ? ಕ್ಲಚ್ಚಿನಿಂದ ಉಳಿಸಿದ ಮಂಡಿಯನ್ನು ಆಸನಕ್ಕೆ ತೆತ್ತಂತಾಗುತ್ತದೆ.

ಇದರೊಂದಿಗೆ ಆಸನದ ಇಕ್ಕೆಲಗಳಲ್ಲಿ ಉಬ್ಬಿರುವ ದಿಂಬುಗಳು, ಎರಡು ಬಾಗಿಲಿನ ಕಾರುಗಳ ಉದ್ದವೂ ಭಾರವೂ ಆದ ಬಾಗಿಲು, ಪ್ರತಿ ಉಬ್ಬುತಗ್ಗನ್ನೂ ಬೆನ್ನಿಗೆ ಮುಟ್ಟಿಸುವ ಬಿಗಿ ಸಸ್ಪೆನ್ಷನ್ ಮತ್ತು ತೆಳು ಟೈರು ಇವೂ ಸೇರುತ್ತವೆ. ಕೈಗಾರಿಕಾ ವಸಾಹತುಗಳ ರಸ್ತೆಗಳ ಸ್ಥಿತಿಯನ್ನು ಬಲ್ಲ ಸದಸ್ಯರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಹಾಗಾದರೆ ಆಸೆಯನ್ನು ಬಿಡಬೇಕೇ? ಬೇಡ. ಆಕಾರವನ್ನು ಬಿಟ್ಟು ಗುಣವನ್ನು ಹಿಡಿಯಬೇಕು ಎಂಬುದೇ ನನ್ನ ಸಲಹೆ. ಸಾಮಾನ್ಯ ಎತ್ತರದ ಸೆಡಾನ್ ಅಥವಾ ಹ್ಯಾಚ್‌ಬ್ಯಾಕಿನಲ್ಲಿ ಟರ್ಬೊ ಎಂಜಿನು ಮತ್ತು ಒಳ್ಳೆಯ ಸ್ವಯಂಚಾಲಿತ ಗೇರು ದೊರೆತರೆ ಚಾಲನೆಯ ಉಲ್ಲಾಸದಲ್ಲಿ ಮುಕ್ಕಾಲು ಪಾಲು ಕೈಸೇರಿದಂತೆಯೇ. ನೋವು ತೀವ್ರವಾಗಿದ್ದವರಿಗೆ ಇನ್ನೂ ತುಸು ಎತ್ತರದ ಆಸನವುಳ್ಳ ವಾಹನ ಉತ್ತಮ. ಕುಳಿತುಕೊಳ್ಳಲು ಇಳಿಯಲೂಬಾರದು, ಹತ್ತಲೂಬಾರದು, ಕುರ್ಚಿಯಲ್ಲಿ ಕುಳಿತಂತಿರಬೇಕು.

ಯಾವ ಕೀಲು ಎಂಬುದು ಮುಖ್ಯ

ನೋವು ಎಡ ಮಂಡಿಯಲ್ಲಿದ್ದರೆ ಆಟೊಮ್ಯಾಟಿಕ್ ಕಾರು ವರದಾನವೇ ಸರಿ. ಬಲ ಮಂಡಿ ಅಥವಾ ಬಲ ಪಾದದ ಕೀಲಿನಲ್ಲಿದ್ದರೆ ಲಾಭ ಅಷ್ಟಿಲ್ಲ. ಬ್ರೇಕು ಮತ್ತು ಆಕ್ಸಿಲರೇಟರ್ ಎರಡೂ ಬಲಗಾಲಿನ ಪಾಲಿಗೇ ಉಳಿಯುತ್ತವೆ. ಅಂತಹವರಿಗೆ ಕ್ರೂಸ್ ಕಂಟ್ರೋಲ್ ಸೌಲಭ್ಯ ಹೆದ್ದಾರಿಯಲ್ಲಿ ಉಪಯುಕ್ತ. ನೋವಿನಿಂದ ಕಾಲು ಬ್ರೇಕಿಗೆ ಸರಿಯಲು ಅರೆಕ್ಷಣ ತಡವಾಗುತ್ತಿದ್ದರೆ ಅದು ಕಾರಿನ ಆಯ್ಕೆಯಿಂದ ಬಗೆಹರಿಯುವ ಸಮಸ್ಯೆಯಲ್ಲ. ವೈದ್ಯರ ಸಲಹೆ ಪಡೆಯುವವರೆಗೆ ಸ್ಟಿಯರಿಂಗನ್ನು ಬೇರೆಯವರಿಗೆ ಒಪ್ಪಿಸುವುದೇ ಧರ್ಮ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಅರ್ಧ ಸೆಕೆಂಡಿಗೆ 11 ಮೀಟರ್ ಮುಂದೆ ಹೋಗಿರುತ್ತದೆ ಎಂಬುದನ್ನು ಮರೆಯಬಾರದು. ನಿದ್ದೆ ತರಿಸುವ ನೋವುನಿವಾರಕಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು.

ಬೆರಳು, ಮಣಿಕಟ್ಟುಗಳಲ್ಲಿ ಸಂಧಿವಾತ ಇರುವವರು ಸ್ಟಿಯರಿಂಗಿನ ಹಗುರತನವನ್ನು, ಹಿಡಿಕೆಯ ದಪ್ಪವನ್ನು ಪರೀಕ್ಷಿಸಬೇಕು. ಕೆಲವು ಕಾರುಗಳಲ್ಲಿ ಸ್ಪೋರ್ಟ್ ಮೋಡಿಗೆ ಹೋದೊಡನೆ ಸ್ಟಿಯರಿಂಗ್ ಭಾರವಾಗುತ್ತದೆ. ಭುಜದ ನೋವಿದ್ದವರು ಸೀಟ್ ಬೆಲ್ಟನ್ನು ಎಳೆದು ನೋಡಬೇಕು. ಕೈಯಿಂದ ನಡೆಸುವ ಬ್ರೇಕಿನಂತಹ ಮಾರ್ಪಾಟು ಅಗತ್ಯವಾದರೆ ನೋಂದಣಿ ಪ್ರಾಧಿಕಾರದ ಅನುಮತಿಯೊಂದಿಗೇ ಮಾಡಿಸತಕ್ಕದ್ದು.

ಚಾಲಕನನ್ನು ನೇಮಿಸಿಕೊಂಡರಾಯಿತಲ್ಲ ಎಂದು ಕೆಲವರು ಕೇಳಬಹುದು. ದೊಡ್ಡ ಸಂಸ್ಥೆಗಳಿಗೆ ಈ ಮಾತು ಒಪ್ಪುತ್ತದೆ. ಹತ್ತು ಜನರ ಕಾರ್ಖಾನೆಯ ಮಾಲೀಕ ರಾತ್ರಿ ಪಾಳಿಯಲ್ಲಿ ಯಂತ್ರ ಕೆಟ್ಟಾಗ ತಾನೇ ಓಡಬೇಕಾಗುತ್ತದೆ. ಅವನಿಗೆ ಚಾಲನೆ ಎಂದರೆ ಸ್ವಾವಲಂಬನೆ. ಅದನ್ನು ಇನ್ನು ಕೆಲವು ವರ್ಷ ಉಳಿಸಿಕೊಡುವ ವಾಹನಕ್ಕೆ ಮಾಡುವ ವೆಚ್ಚ ದುಂದುಗಾರಿಕೆಯಲ್ಲ.

ತೆರಿಗೆಯ ಲೆಕ್ಕ

ಕಾರನ್ನು ಸಂಸ್ಥೆಯ ಹೆಸರಿನಲ್ಲಿ ಕೊಂಡರೆ ತೆರಿಗೆಯಲ್ಲಿಯೇ ಬೆಲೆ ತೀರುತ್ತದೆ ಎಂಬ ಮಾತು ನಮ್ಮ ವಲಯದಲ್ಲಿ ಆಗಾಗ್ಗೆ ಕೇಳಿಬರುತ್ತದೆ. ವಸ್ತುಸ್ಥಿತಿ ಬೇರೆ. ಸ್ವಂತ ಬಳಕೆಯ ಪ್ರಯಾಣಿಕ ಕಾರಿನ ಮೇಲೆ ತೆತ್ತ ಜಿ.ಎಸ್.ಟಿ.ಗೆ ಸಾಮಾನ್ಯ ವ್ಯಾಪಾರಿಗೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಆದಾಯ ತೆರಿಗೆಯಲ್ಲಿ ಸವಕಳಿ ಸಾಮಾನ್ಯವಾಗಿ ಶೇ. 15, ಕೊಂಡ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದರೆ ಆ ವರ್ಷಕ್ಕೆ ಅದರ ಅರ್ಧ. ಸ್ವಂತ ಬಳಕೆಯ ಭಾಗಕ್ಕೆ ಅದೂ ಸಲ್ಲದು.

2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ದರಗಳಲ್ಲಿ ಮಾತ್ರ ಗಮನಿಸಬೇಕಾದ ಒಂದು ಅಂಶವಿದೆ. ನಾಲ್ಕು ಮೀಟರ್ ಉದ್ದ ಮತ್ತು 1200 ಸಿ.ಸಿ. ಮೀರದ ಪೆಟ್ರೋಲ್ ಕಾರುಗಳಿಗೆ ಜಿ.ಎಸ್.ಟಿ. ಶೇ. 18, ಅದಕ್ಕಿಂತ ದೊಡ್ಡವಕ್ಕೆ ಶೇ. 40, ವಿದ್ಯುತ್ ಕಾರುಗಳಿಗೆ ಶೇ. 5 ಎಂದು ನಿಗದಿಯಾಯಿತು. ಒಂದು ಲೀಟರ್ ಟರ್ಬೊ ಎಂಜಿನಿನ ಮಾರುತಿ ಫ್ರಾಂಕ್ಸ್ ಟಾರ್ಕ್ ಕನ್ವರ್ಟರ್‌ನೊಂದಿಗೂ, ಹ್ಯುಂಡೈ ಐ20 ಎನ್ ಲೈನ್ ಡಿ.ಸಿ.ಟಿ.ಯೊಂದಿಗೂ ಈ ಸಣ್ಣ ಕಾರುಗಳ ಅಳತೆಯೊಳಗೇ ಬಂದಿವೆ. ಚುರುಕೂ ಸುಖವೂ ಕಡಿಮೆ ತೆರಿಗೆಯಲ್ಲಿ ದೊರೆಯುವ ಈ ದಾರಿಯನ್ನು ಪ್ರತಿಷ್ಠೆಯ ಕಾರಣಕ್ಕೆ ತಳ್ಳಿಹಾಕಬಾರದು.

ಕೊಳ್ಳುವ ಮುನ್ನ

ಷೋರೂಮಿನವರು ನೀಡುವ ಹತ್ತು ನಿಮಿಷದ ಟೆಸ್ಟ್ ಡ್ರೈವ್ ಕೀಲುನೋವಿನವರಿಗೆ ಏನನ್ನೂ ತಿಳಿಸದು. ನೋವು ಹೆಚ್ಚಿರುವ ಹೊತ್ತಿನಲ್ಲಿ, ಅದು ಮುಂಜಾನೆಯ ಬಿಗಿತವಿರಲಿ ಸಂಜೆಯ ಸುಸ್ತಿರಲಿ, ಕನಿಷ್ಠ ಒಂದು ಗಂಟೆ, ತಾವು ದಿನವೂ ಓಡಾಡುವ ದಾರಿಯಲ್ಲಿಯೇ ಕಾರನ್ನು ನಡೆಸಿ ನೋಡಬೇಕು. ಐದು ಬಾರಿ ಹತ್ತಿ ಇಳಿಯಬೇಕು. ಮರುದಿನ ಬೆಳಿಗ್ಗೆ ಮಂಡಿ ಏನು ಹೇಳುತ್ತದೆಂದು ಕೇಳಿದ ಮೇಲೆಯೇ ಮುಂಗಡ ಕೊಡಬೇಕು. ಇದಕ್ಕೆ ಒಪ್ಪದ ಮಾರಾಟಗಾರರಿದ್ದರೆ ಬೇರೆ ಅಂಗಡಿ ನೋಡಬಹುದು. ಲಕ್ಷಾಂತರ ರೂಪಾಯಿಯ ಗಿರಾಕಿಗೆ ಇಷ್ಟು ಕೇಳುವ ಅಧಿಕಾರವಿದೆ.

ನಾವು ಒಂದು ಲೇತ್ ಯಂತ್ರ ಕೊಳ್ಳುವಾಗ ನಮ್ಮ ಕೆಲಸದ ತುಂಡನ್ನೇ ಕೊಂಡೊಯ್ದು ಅದರ ಮೇಲೆ ಓಡಿಸಿ ನೋಡುತ್ತೇವೆ. ಕಾರಿನ ವಿಷಯದಲ್ಲಿ ಆ ಕೆಲಸದ ತುಂಡು ನಮ್ಮ ದೇಹವೇ. ಸಣ್ಣ ಉದ್ದಿಮೆಯಲ್ಲಿ ಮಾಲೀಕನ ಆರೋಗ್ಯಕ್ಕಿಂತ ದೊಡ್ಡ ಬಂಡವಾಳ ಬೇರಿಲ್ಲ. ಆಸ್ತಿ ಪಟ್ಟಿಯಲ್ಲಿ ಅದನ್ನು ಬರೆಯುವುದಿಲ್ಲ, ಅದರ ಸವಕಳಿಗೆ ಯಾವ ತೆರಿಗೆ ವಿನಾಯಿತಿಯೂ ಇಲ್ಲ. ಆದುದರಿಂದ ಸದಸ್ಯ ಮಿತ್ರರು ನೋವನ್ನು ಮುಚ್ಚಿಡದೆ ವೈದ್ಯರಿಗೂ ಮಾರಾಟಗಾರರಿಗೂ ನೇರವಾಗಿ ತಿಳಿಸಿ, ತಮ್ಮ ಕೀಲಿಗೆ ಒಪ್ಪುವ ಕಾರನ್ನೇ ಆರಿಸಿಕೊಳ್ಳುವುದು ಒಳಿತು.