ಬೆಳೆಸಿದವರಿಗೆ ಬರಿಗೈ



ರಗ್ಬಿ ಆಟದ ವಿಷಯ ಈ ಮೇಷ್ಟ್ರಿಗೇನು ಗೊತ್ತು ಎಂದು ನಿಮ್ಮಲ್ಲಿ ಕೆಲವರು ನಗಬಹುದು. ನಮ್ಮ ಶಾಲೆಯ ಮೈದಾನವು ಕಬಡ್ಡಿ, ಖೋ ಖೋ, ವಾಲಿಬಾಲ್‌ಗಳನ್ನು ಬಿಟ್ಟರೆ ಬೇರೆ ಆಟವನ್ನು ಕಂಡದ್ದಲ್ಲ, ನಿಜ. ಆದರೆ ಆಕ್ಲೆಂಡಿನಲ್ಲಿರುವ ಮಗಳ ಮನೆಗೆ ಹೋದಾಗಲೆಲ್ಲ ಮೊಮ್ಮಗನ ಪಕ್ಕದಲ್ಲಿ ಕುಳಿತು ಈ ಆಟವನ್ನು ನೋಡುತ್ತ ಬಂದಿದ್ದೇನೆ. ಮೊಟ್ಟೆಯಾಕಾರದ ಚೆಂಡು, ಒಂದೊಂದು ಪಕ್ಷದಲ್ಲಿ ಹದಿನೈದು ಮಂದಿ, ಚೆಂಡನ್ನು ಎದೆಗವಚಿಕೊಂಡು ಮುಂದಕ್ಕೆ ಓಡಬಹುದು, ಕೈಯಿಂದ ಎಸೆಯುವುದಾದರೆ ಮಾತ್ರ ಹಿಂದಿರುವವರಿಗೇ ಎಸೆಯಬೇಕು. ಆಟದ ನಿಯಮ ಇಷ್ಟು ಸೊಗಸಾಗಿದೆ. ಆಟವನ್ನು ನಡೆಸುವವರ ನಿಯಮ ಹಾಗಿಲ್ಲವೆಂಬುದೇ ನನ್ನ ತಕರಾರು.

ಶಾಂತಸಾಗರದ ಮೂರು ಪುಟ್ಟ ದೇಶಗಳನ್ನು ನೋಡಿ. ಫಿಜಿಯ ಜನಸಂಖ್ಯೆ ಸುಮಾರು ಒಂಬತ್ತು ಲಕ್ಷ. ಸಮೋವಾದ್ದು ಎರಡು ಲಕ್ಷದ ಆಸುಪಾಸು. ಟೋಂಗಾದ್ದು ಒಂದು ಲಕ್ಷ. ಮೂರನ್ನೂ ಕೂಡಿಸಿದರೂ ನಮ್ಮ ಒಂದು ಜಿಲ್ಲೆಯಷ್ಟಾಗುವುದಿಲ್ಲ. ಆದರೂ 1991ರ ವಿಶ್ವಕಪ್‌ನಲ್ಲಿ ಆಗಿನ ಪಶ್ಚಿಮ ಸಮೋವಾ ತಂಡವು ವೇಲ್ಸನ್ನು ಅದರ ಸ್ವಂತ ನೆಲ ಕಾರ್ಡಿಫ್‌ನಲ್ಲಿಯೇ 16–13ರಿಂದ ಸೋಲಿಸಿತು. 2016ರ ರಿಯೋ ಒಲಿಂಪಿಕ್ಸ್‌ನ ಏಳು ಮಂದಿಯ ರಗ್ಬಿಯಲ್ಲಿ ಫಿಜಿಯವರು ಬ್ರಿಟನ್ನನ್ನು 43–7ರಿಂದ ಮಣಿಸಿ ತಮ್ಮ ದೇಶದ ಮೊಟ್ಟಮೊದಲ ಒಲಿಂಪಿಕ್ ಪದಕವನ್ನೇ ಚಿನ್ನದ ರೂಪದಲ್ಲಿ ತಂದರು. 2023ರ ವಿಶ್ವಕಪ್‌ನಲ್ಲಿ ಅವರಿಂದ ಆಸ್ಟ್ರೇಲಿಯ 22–15ರ ಸೋಲುಂಡಿತು.

ಇಂಥ ಪ್ರತಿಭೆಯನ್ನು ಹುಟ್ಟುಹಾಕುವ ಹಳ್ಳಿಯ ಕ್ಲಬ್ಬುಗಳ ಸ್ಥಿತಿ ಏನು? 1995ರ ಆಗಸ್ಟ್‌ವರೆಗೆ ಈ ರಗ್ಬಿಯಲ್ಲಿ ಆಟಗಾರನಿಗೆ ಸಂಬಳ ಕೊಡುವುದು ನಿಷಿದ್ಧವಾಗಿತ್ತು. ಆ ತಿಂಗಳು ಪ್ಯಾರಿಸ್ಸಿನಲ್ಲಿ ಆಟದ ಅಂತಾರಾಷ್ಟ್ರೀಯ ಮಂಡಳಿಯು ನಿಷೇಧವನ್ನು ತೆಗೆದುಹಾಕಿತು. ಅಂದಿನಿಂದ ಫ್ರಾನ್ಸ್, ಇಂಗ್ಲೆಂಡ್, ಜಪಾನ್‌ಗಳ ಶ್ರೀಮಂತ ಕ್ಲಬ್ಬುಗಳು ದ್ವೀಪಗಳತ್ತ ಬಲೆ ಬೀಸಿವೆ. ನ್ಯೂಜಿಲೆಂಡ್, ಆಸ್ಟ್ರೇಲಿಯಗಳ ಶಾಲೆಗಳು ವಿದ್ಯಾರ್ಥಿವೇತನದ ಆಸೆ ತೋರಿಸಿ ಮೀಸೆ ಮೂಡದ ಹುಡುಗರನ್ನೇ ಕರೆದೊಯ್ಯುತ್ತವೆ. ಹತ್ತು ವರ್ಷ ತಿದ್ದಿ ತೀಡಿದ ಹುಡುಗ ಕ್ಲಬ್ಬಿಗೆ ನೆರವಾಗುವ ವಯಸ್ಸಿಗೆ ಬಂದಾಗ ವಿಮಾನ ಏರಿರುತ್ತಾನೆ. ಕ್ಲಬ್ಬು ಕಳೆದುಕೊಳ್ಳುವುದು ಒಬ್ಬ ಆಟಗಾರನನ್ನಷ್ಟೇ ಅಲ್ಲ. ಕಿರಿಯರಿಗೆ ಕಲಿಸಬೇಕಾದ ಹಿರಿಯನನ್ನು, ನಾಳಿನ ನಾಯಕನನ್ನು, ಮುಂದಿನ ತರಬೇತುದಾರನನ್ನು.

ಇದಕ್ಕೆ ಪರಿಹಾರವೇನು ಎಂದು ಚರ್ಚೆ ಎದ್ದಾಗ ಎರಡು ಪೂರ್ವಪಕ್ಷಗಳು ಎದುರಾಗುತ್ತವೆ. ಎರಡನ್ನೂ ಖಂಡಿಸದೆ ನನ್ನ ಮಾತಿಗೆ ಸ್ಥಳವಿಲ್ಲ.

ಮೊದಲ ಪಕ್ಷದವರು ಹೇಳುವುದು: ಹುಡುಗರು ದುಡ್ಡಿನಾಸೆಗೆ ಹುಟ್ಟಿದ ನೆಲವನ್ನು ಮರೆತರು. ಎಂಥ ಸುಲಭದ ಮಾತು! ಪರದೇಶದಲ್ಲಿ ಮೈಮುರಿದು ಆಡುವ ಆ ಹುಡುಗನ ಸಂಬಳದಿಂದ ಊರಿನಲ್ಲಿ ಮನೆ ಏಳುತ್ತದೆ, ತಂಗಿಯ ಶಾಲಾ ಶುಲ್ಕ ಕಟ್ಟಲಾಗುತ್ತದೆ, ಹಳ್ಳಿಯ ಚರ್ಚಿಗೆ ಸೂರು ಬೀಳುತ್ತದೆ. ಟೋಂಗಾದಲ್ಲಿ ಹೊರದೇಶಗಳಲ್ಲಿರುವವರು ಮನೆಗೆ ಕಳುಹಿಸುವ ಹಣವು ಇಡೀ ರಾಷ್ಟ್ರೀಯ ಉತ್ಪನ್ನದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. ಅಂಥವನನ್ನು ದ್ರೋಹಿ ಎನ್ನಲು ನಾವು ಯಾರು? ನಿಮ್ಮಲ್ಲಿ ಎಷ್ಟು ಮಂದಿ ಇದನ್ನು ಕ್ಯಾಲಿಫೋರ್ನಿಯದಲ್ಲಿ, ದುಬೈಯಲ್ಲಿ, ಸಿಂಗಪುರದಲ್ಲಿ ಕುಳಿತು ಓದುತ್ತಿದ್ದೀರಿ! ನೀವು ಹೊರಟಾಗ ಹಾರ ಹಾಕಿ, ಹರಸಿ ಕಳುಹಿಸಿದವರಲ್ಲಿ ನಾನೂ ಒಬ್ಬ. ನನ್ನ ವಿದ್ಯಾರ್ಥಿಗೆ ಒಂದು ನ್ಯಾಯ, ಸಮೋವಾದ ಹುಡುಗನಿಗೆ ಇನ್ನೊಂದು ನ್ಯಾಯ ಎನ್ನಲಾರೆ.

ಎರಡನೆಯ ಪಕ್ಷದವರು ಹೆಚ್ಚು ಜಾಣರು. ಇದು ಮಾರುಕಟ್ಟೆ, ಹೆಚ್ಚು ಕೊಟ್ಟವನಿಗೆ ಸರಕು ಎಂಬುದು ಅವರ ವಾದ. ಇರಲಿ, ಮಾರುಕಟ್ಟೆಯ ಲೆಕ್ಕವನ್ನೇ ಹಿಡಿಯೋಣ. ಬೆಳೆ ಬೆಳೆದವನಿಗೆ ಕಾಸನ್ನೂ ಕೊಡದೆ ಕೊಯ್ದುಕೊಂಡು ಹೋಗುವುದಕ್ಕೆ ಯಾವ ಸಂತೆಯಲ್ಲಿ ವ್ಯಾಪಾರವೆನ್ನುತ್ತಾರೆ? ಫುಟ್‌ಬಾಲ್ ಆಟದ ವ್ಯವಹಾರವೇನೂ ಪರಮ ಪವಿತ್ರವಲ್ಲ. ಆದರೂ ಅಲ್ಲಿ ಆಟಗಾರನೊಬ್ಬ ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಹಣಕ್ಕೆ ವರ್ಗವಾದರೆ, ಆ ಮೊತ್ತದಲ್ಲಿ ಶೇಕಡಾ 5ರಷ್ಟನ್ನು ಅವನ 12ರಿಂದ 23ನೆಯ ವಯಸ್ಸಿನವರೆಗೆ ತರಬೇತಿ ಕೊಟ್ಟ ಕ್ಲಬ್ಬುಗಳಿಗೆ ಹಂಚಬೇಕೆಂಬುದು ಫಿಫಾ ನಿಯಮ.

ರಗ್ಬಿಯಲ್ಲಿಯೂ ತರಬೇತಿಯ ಪರಿಹಾರಧನದ ನಿಯಮವೊಂದಿದೆ. ಆದರೆ ಅದರ ಲೆಕ್ಕ ಆರಂಭವಾಗುವುದು ಹದಿನೇಳನೆಯ ವಯಸ್ಸಿನಿಂದ. ಏಳೆಂಟು ವರ್ಷಕ್ಕೇ ಚೆಂಡು ಹಿಡಿದ ಮಗುವಿಗೆ ಓಡುವುದನ್ನು, ಬೀಳುವುದನ್ನು, ಬಿದ್ದು ಏಳುವುದನ್ನು ಕಲಿಸಿದವರು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಇನ್ನೊಂದು ಸೂಕ್ಷ್ಮವಿದೆ. ರಗ್ಬಿ ಆಟಗಾರರು ಬಹುಮಟ್ಟಿಗೆ ಹಳೆಯ ಕರಾರು ಮುಗಿದ ಮೇಲೆಯೇ ಕ್ಲಬ್ಬು ಬದಲಿಸುತ್ತಾರೆ. ಆಗ ಕ್ಲಬ್ಬಿನಿಂದ ಕ್ಲಬ್ಬಿಗೆ ವರ್ಗಾವಣೆಯ ಹಣವೇ ಇರುವುದಿಲ್ಲ. ಹೀಗಾಗಿ ಫುಟ್‌ಬಾಲಿನ ನಿಯಮವನ್ನು ಇದ್ದಂತೆಯೇ ತಂದರೂ ದ್ವೀಪದ ಕ್ಲಬ್ಬಿಗೆ ಸಿಗುವುದು ಸೊನ್ನೆಯ ಶೇಕಡಾ ಐದು!

ಇದಕ್ಕಿಂತ ನೋವಿನ ಸಂಗತಿ ಫ್ರಾನ್ಸಿನದು. ಸ್ವದೇಶದ ಹುಡುಗರಿಗೆ ಅವಕಾಶ ತಪ್ಪಬಾರದೆಂದು, ಫ್ರಾನ್ಸಿನಲ್ಲಿ ತರಬೇತಿ ಪಡೆದ ಇಂತಿಷ್ಟು ಆಟಗಾರರು ತಂಡದಲ್ಲಿರಬೇಕೆಂಬ ನಿಯಮವನ್ನು ಅಲ್ಲಿನ ಲೀಗ್ ಮಾಡಿತು. ಉದ್ದೇಶ ಒಳ್ಳೆಯದೇ. ಆದರೆ ತರಬೇತಿ ಎಂದರೆ 21 ತುಂಬುವ ಮೊದಲು ಅಲ್ಲಿನ ಅಕಾಡೆಮಿಯಲ್ಲಿ ಮೂರು ವರ್ಷ ಕಳೆದಿದ್ದರೂ ಆಯಿತು. ಕ್ಲಬ್ಬುಗಳು ಕಂಡುಕೊಂಡ ಉಪಾಯವೇನು? ಫಿಜಿಯ ಹುಡುಗರನ್ನು ಇನ್ನೂ ಎಳೆಯ ವಯಸ್ಸಿನಲ್ಲಿಯೇ ಕರೆತಂದು ಕಾಗದದ ಮೇಲೆ ಫ್ರಾನ್ಸಿನ ಪೈರನ್ನಾಗಿ ಮಾಡಿಬಿಡುವುದು. ಫಿಜಿಯಲ್ಲಿ ಹುಟ್ಟಿ ಕ್ಲೆರ್ಮೋಂ ಕ್ಲಬ್ಬಿನ ಅಕಾಡೆಮಿ ಸೇರಿದ ಅಲಿವೆರೆಟಿ ರಾಕಾ 2019ರ ವಿಶ್ವಕಪ್‌ನಲ್ಲಿ ಆಡಿದ್ದು ಫ್ರಾನ್ಸಿನ ಅಂಗಿ ತೊಟ್ಟು. ಆತನನ್ನು ದೂರಲಾರೆ. ಆತನ ಕೈಗೆ ಮೊದಲು ಚೆಂಡು ಕೊಟ್ಟವರ ಹೆಸರು ಯಾವ ದಾಖಲೆಯಲ್ಲಿದೆ ಎಂದು ಮಾತ್ರ ಕೇಳುತ್ತೇನೆ.

ರಾಷ್ಟ್ರೀಯ ತಂಡದ ಪಾಡೂ ಬೇರೆಯಲ್ಲ. ನಿಗದಿಯಾದ ದಿನಗಳಲ್ಲಿ ಆಟಗಾರನನ್ನು ಅವನ ದೇಶದ ತಂಡಕ್ಕೆ ಬಿಟ್ಟುಕೊಡಬೇಕೆಂಬ ಅಂತಾರಾಷ್ಟ್ರೀಯ ನಿಯಮವಿದೆ. ಆದರೆ ದೇಶಕ್ಕಾಗಿ ಆಡುವುದಿಲ್ಲವೆಂದರೆ ಹೆಚ್ಚು ಸಂಬಳ, ಆಡುತ್ತೇನೆಂದರೆ ಮುಂದಿನ ಕರಾರು ಅನುಮಾನ ಎಂಬ ಒತ್ತಡಗಳನ್ನು ದ್ವೀಪಗಳ ಆಟಗಾರರು ಬಹಿರಂಗವಾಗಿಯೇ ಹೇಳಿಕೊಂಡಿದ್ದಾರೆ. ಸಮೋವಾದ ಮಾಜಿ ನಾಯಕ ಡ್ಯಾನ್ ಲಿಯೋ 2020ರಲ್ಲಿ ಈ ಕುರಿತು ಒಂದು ಸಾಕ್ಷ್ಯಚಿತ್ರವನ್ನೇ ತಂದರು. 2017ರ ನವೆಂಬರಿನಲ್ಲಿ ಲಂಡನ್ನಿನ ಟ್ವಿಕನಮ್ ಕ್ರೀಡಾಂಗಣದಲ್ಲಿ ಸಮೋವಾ ತಂಡ ಇಂಗ್ಲೆಂಡನ್ನು ಎದುರಿಸಿದಾಗ ಇಂಗ್ಲಿಷ್ ಆಟಗಾರನೊಬ್ಬನಿಗೆ ಆ ಒಂದು ಪಂದ್ಯಕ್ಕೆ ಸುಮಾರು 22,000 ಪೌಂಡ್, ಸಮೋವಾದವನಿಗೆ ಸುಮಾರು 650 ಪೌಂಡ್ ಎಂದು ಪತ್ರಿಕೆಗಳು ವರದಿ ಮಾಡಿದವು. ತಮ್ಮ ರಗ್ಬಿ ಸಂಸ್ಥೆ ದಿವಾಳಿಯಾಗಿದೆ ಎಂದು ಸಮೋವಾದ ಅಂದಿನ ಪ್ರಧಾನಿ ಹೇಳಿದ್ದು ಅದೇ ದಿನಗಳಲ್ಲಿ. ಕಿಕ್ಕಿರಿದು ತುಂಬಿದ ಆ ಕ್ರೀಡಾಂಗಣದ ಟಿಕೆಟ್ ಹಣ ಆತಿಥೇಯರಿಗೇ ಸೇರಿದ್ದು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ!

ಫಿಜಿಯ ಹೆಸರು ಬಂದಾಗ ನಮ್ಮ ದೇಶದವರಿಗೆ ಇನ್ನೊಂದು ನೆನಪು ಬರಬೇಕು. 1879ರಿಂದ 1916ರವರೆಗೆ ಅರವತ್ತು ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಕಬ್ಬಿನ ಗದ್ದೆಗಳ ಕೂಲಿಗಾಗಿ ಆ ದ್ವೀಪಗಳಿಗೆ ಸಾಗಿಸಲಾಯಿತು. 1903ರಿಂದ ಮದರಾಸಿನ ಬಂದರಿನಿಂದಲೂ ಹಡಗುಗಳು ಹೊರಟವು. ಹೆಬ್ಬೆಟ್ಟು ಒತ್ತಿದ ಆ ‘ಅಗ್ರಿಮೆಂಟ್’ ಜನರ ಬಾಯಲ್ಲಿ ‘ಗಿರ್ಮಿಟ್’ ಆಯಿತು. (ಧಾರವಾಡದ ಮಂಡಕ್ಕಿ ಗಿರ್ಮಿಟ್ ನೆನೆದು ಬಾಯಲ್ಲಿ ನೀರೂರಿಸಿಕೊಂಡವರು ಕ್ಷಮಿಸಬೇಕು!) ಅಂದಿನ ಕೂಲಿಗೂ ಇಂದಿನ ಆಟಗಾರನಿಗೂ ಹೋಲಿಕೆಯಿಲ್ಲ, ಬಲ್ಲೆ. ಇವನು ಇಷ್ಟಪಟ್ಟು ಹೋಗುತ್ತಾನೆ, ಒಳ್ಳೆಯ ಸಂಬಳ ಪಡೆಯುತ್ತಾನೆ. ಆದರೆ ಒಂದು ವಿಷಯ ಬದಲಾಗಿಲ್ಲ: ಕರಾರಿನ ಷರತ್ತುಗಳನ್ನು ಬರೆಯುವವರು ದೂರದೇಶದ ಧಣಿಗಳು, ಮಗನನ್ನು ಕಳುಹಿಸಿಕೊಟ್ಟ ಊರಿಗೆ ಅದರಲ್ಲಿ ಸಹಿಯೂ ಇಲ್ಲ, ಪಾಲೂ ಇಲ್ಲ.

ಹಾಗಾದರೆ ಬೇಲಿ ಹಾಕೋಣವೇ? ನ್ಯೂಜಿಲೆಂಡ್ ಹಾಕಿದೆ. ಸ್ವದೇಶದಲ್ಲಿ ಆಡುವವರನ್ನೇ ರಾಷ್ಟ್ರೀಯ ತಂಡಕ್ಕೆ ಆರಿಸುವುದು ಅವರ ನೀತಿ. ಅಲ್ಲಿನ ಕರಿಯ ಅಂಗಿಯ ಮೋಹ ದೊಡ್ಡದು, ಅದರ ಹಿಂದೆ ಹಣವೂ ಇದೆ. ಬೇಲಿ ಒಂದಷ್ಟು ನಿಂತಿದೆ. ಅಂಥಲ್ಲಿಂದಲೂ ರಿಚಿ ಮೊಉಂಗ 2023ರ ವಿಶ್ವಕಪ್ ಮುಗಿಯುತ್ತಲೇ ಟೋಕಿಯೊದ ಕ್ಲಬ್ಬಿಗೆ ಹೊರಟರು. ಫಿಜಿಯೋ ಟೋಂಗಾವೋ ಇದೇ ಬೇಲಿ ಹಾಕಿದರೆ ಬೇಲಿಯೊಳಗೆ ಒಂದು ಪೂರ್ಣ ತಂಡವೂ ಉಳಿಯಲಾರದು. ಸಿರಿವಂತರ ಮದ್ದು ಬಡವರ ರೋಗಕ್ಕೆ ನಾಟುವುದಿಲ್ಲ.

ನಾಟುವ ಮದ್ದು ಯಾವುದೆಂಬುದನ್ನು ಫಿಜಿಯೇ ತೋರಿಸಿಕೊಟ್ಟಿದೆ. 2022ರಲ್ಲಿ ‘ಫಿಜಿಯನ್ ದ್ರುವ’ ಎಂಬ ವೃತ್ತಿಪರ ತಂಡ ನ್ಯೂಜಿಲೆಂಡ್–ಆಸ್ಟ್ರೇಲಿಯಗಳ ಸೂಪರ್ ರಗ್ಬಿ ಲೀಗಿಗೆ ಸೇರಿತು. ಹುಡುಗರಿಗೆ ಊರಿನಲ್ಲಿಯೇ ಸಂಬಳ. ಸುವಾ, ಲಾಟೋಕಾಗಳಲ್ಲಿ ತಮ್ಮ ಜನರೆದುರಿಗೇ ಪಂದ್ಯ. ಮರುವರ್ಷ ಮಾರ್ಚಿನಲ್ಲಿ ಲಾಟೋಕಾದಲ್ಲಿ ಹಿಂದಿನ ಸಾಲಿನ ಚಾಂಪಿಯನ್ ಕ್ರುಸೇಡರ್ಸ್ ತಂಡವನ್ನು 25–24ರಿಂದ ಸೋಲಿಸಿಬಿಟ್ಟರು. ಆಸ್ಟ್ರೇಲಿಯವನ್ನು ಮಣಿಸಿದ ಆ ವರ್ಷದ ವಿಶ್ವಕಪ್ ತಂಡದಲ್ಲಿ ಅರ್ಧದಷ್ಟು ಮಂದಿ ದ್ರುವ ತಂಡದವರೇ. ಅಲ್ಲಿಂದಲೂ ವಿನಾಯ ಹಬೋಸಿಯಂಥವರು ಫ್ರಾನ್ಸಿಗೆ ಹೋದರು, ಹೋಗಲಿ. ಮನೆಯಲ್ಲಿ ಅನ್ನವಿದ್ದೂ ಹೋಗುವುದು ಆಯ್ಕೆ. ಅನ್ನವಿಲ್ಲದೆ ಹೋಗುವುದನ್ನು ಆಯ್ಕೆ ಎನ್ನಲಾಗದು.

ಕೊಳ್ಳುವವರಾದರೂ ಸುಖವಾಗಿದ್ದಾರೆಯೇ? ಸಂಬಳದ ಪೈಪೋಟಿಯಲ್ಲಿ ಸಾಲದ ಮೇಲೆ ಸಾಲ ಏರಿ, ಇಂಗ್ಲೆಂಡಿನ ಅಗ್ರ ಲೀಗಿನಿಂದ 2022ರಲ್ಲಿ ವೂಸ್ಟರ್ ಮತ್ತು ವಾಸ್ಪ್ಸ್, 2023ರಲ್ಲಿ ಲಂಡನ್ ಐರಿಷ್ ಕ್ಲಬ್ಬುಗಳು ಉರುಳಿಬಿದ್ದವು. ನಂಬಿ ಹೋಗಿದ್ದ ಆಟಗಾರರು ಬೀದಿಗೆ ಬಂದರು. ಬೇರಿಗೆ ನೀರೆರೆಯದೆ ಹಣ್ಣನ್ನಷ್ಟೇ ಕೀಳುವ ವ್ಯವಹಾರ ಎರಡೂ ದಂಡೆಗಳನ್ನು ಕೊರೆಯುತ್ತದೆ.

ಇದು ನಮಗೆ ಸಂಬಂಧಿಸದ ದೂರದ ಜಗಳ ಎನ್ನಬೇಡಿ. 2025ರ ಜೂನಿನಲ್ಲಿ ಮುಂಬಯಿಯಲ್ಲಿ ನಡೆದ ಮೊದಲ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ನಮ್ಮ ಬೆಂಗಳೂರಿನ ಹೆಸರಿನ ತಂಡವೂ ಇತ್ತು. ಆ ಲೀಗಿನಲ್ಲಿ ಆಡಲು ಹೊರದೇಶಗಳಿಂದ ಆಟಗಾರರು ಬಂದಿದ್ದರು. ಅಂದರೆ ಕೊಳ್ಳುವವರ ಸಾಲಿನಲ್ಲಿ ನಾವೂ ನಿಂತಾಯಿತು.

ನಮ್ಮ ಹೈಸ್ಕೂಲಿನ ಒಂದು ಸಂಗತಿ ಹೇಳಲೇಬೇಕು. ಕಬಡ್ಡಿಯಲ್ಲಿ ಮಿಂಚುತ್ತಿದ್ದ ಹುಡುಗನೊಬ್ಬನಿಗೆ ನಮ್ಮ ದೈಹಿಕ ಶಿಕ್ಷಕರು ತಮ್ಮ ಸಂಬಳದಿಂದಲೇ ಹಾಲು, ಮೊಟ್ಟೆ, ಬೂಟು ಒದಗಿಸಿ ಬೆಳೆಸಿದರು. ಮುಂದೆ ದೊಡ್ಡ ಸಂಸ್ಥೆಯೊಂದು ಅವನನ್ನು ತನ್ನ ತಂಡಕ್ಕೆ ಸೇರಿಸಿಕೊಂಡಿತು. ಊರಿನಲ್ಲಿ ಸನ್ಮಾನವಾದಾಗ ವೇದಿಕೆಯ ತುಂಬ ಆ ಸಂಸ್ಥೆಯವರು. ನಮ್ಮ ಶಿಕ್ಷಕರು ಕೊನೆಯ ಸಾಲಿನ ಬೆಂಚಿನಲ್ಲಿ. ಹುಡುಗನ ತಪ್ಪೇನಿಲ್ಲ. ವೇದಿಕೆಗೆ ಯಾರನ್ನು ಕರೆಯಬೇಕೆಂದು ಅವನನ್ನು ಯಾರೂ ಕೇಳಿರಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಮೂರೇ. ಒಂದು: ಹೊರದೇಶದ ಕ್ಲಬ್ಬು ಆಟಗಾರನಿಗೆ ಕೊಡುವ ಸಂಬಳದ ಮೇಲೆ, ಅವನ ಸಂಬಳದಲ್ಲಿ ಮುರಿದುಕೊಳ್ಳದೆ, ಪ್ರತಿವರ್ಷ ಒಂದು ಪಾಲನ್ನು ಅವನನ್ನು ಬೆಳೆಸಿದ ಶಾಲೆಗೂ ಕ್ಲಬ್ಬಿಗೂ ಕಟ್ಟಬೇಕು, ಲೆಕ್ಕ ಹನ್ನೆರಡನೆಯ ವಯಸ್ಸಿನಿಂದಲೇ ಆರಂಭವಾಗಬೇಕು. ಎರಡು: ದೇಶದ ತಂಡದಿಂದ ದೂರವಿಡಲು ಆಮಿಷ ಒಡ್ಡುವ ಕ್ಲಬ್ಬಿನ ಅಂಕಗಳನ್ನು ಲೀಗಿನಲ್ಲಿ ಕಡಿತಗೊಳಿಸಬೇಕು. ಮೂರು: ದೊಡ್ಡ ದೇಶದ ಕ್ರೀಡಾಂಗಣವನ್ನು ತುಂಬಿಸುವ ಅತಿಥಿ ತಂಡಕ್ಕೆ ಟಿಕೆಟ್ ಹಣದಲ್ಲಿ ಹಕ್ಕಿನ ಪಾಲು ಸಿಗಬೇಕು. ಇವು ದಾನವಲ್ಲ, ಬಾಕಿ.

ಹುಡುಗರು ಹೋಗಲಿ, ಗೆಲ್ಲಲಿ, ಚೆನ್ನಾಗಿ ಸಂಪಾದಿಸಲಿ. ಅವರನ್ನು ಕರೆದೊಯ್ದವರು ಹಿಂದೆ ಉಳಿದವರ ಲೆಕ್ಕ ತೀರಿಸಲಿ. ನೀವು ಬೆಂಗಳೂರಿನಲ್ಲೋ ಬೋಸ್ಟನ್ನಿನಲ್ಲೋ ಯಾವುದೋ ಸಂಸ್ಥೆಯ ಮೇಲಿನ ಕುರ್ಚಿಯಲ್ಲಿ ಕುಳಿತು ಹಳ್ಳಿಗಾಡಿನ ಹುಡುಗನೊಬ್ಬನನ್ನು ಕೆಲಸಕ್ಕೆ ಆರಿಸುವ ದಿನ, ಅವನು ಓದಿದ ಶಾಲೆ ಯಾವುದೆಂದು ಕೇಳಿ ತಿಳಿದುಕೊಳ್ಳಿ. ಆ ಶಾಲೆಯ ಛಾವಣಿ ಸೋರುತ್ತಿದೆಯೇ ಎಂದೂ ವಿಚಾರಿಸಿ.

ಎಲ್ಲರಿಗೂ ಒಳ್ಳೆಯದಾಗಲಿ.

ನಿಮ್ಮ ಮೇಷ್ಟ್ರು