ಸಸಿ ನೆಡುವ ಪದ್ಯ, ನೆಟೆ ಹೋಗುವ ತೊಗರಿ

ಜೂನ್ 5 ಹತ್ತಿರ ಬಂತೆಂದರೆ ನಮ್ಮ ಕಡೆಯ ಕವಿಗಳಿಗೆ ಬಿಡುವಿಲ್ಲ. ಕಚೇರಿಯ ಸಭಾಂಗಣದಲ್ಲೊಂದು, ಕಾಲೇಜಿನಲ್ಲೊಂದು, ಯಾವುದೋ ಸಂಘದ ಬ್ಯಾನರಿನ ಕೆಳಗೆ ಮತ್ತೊಂದು ಪರಿಸರ ಕವಿಗೋಷ್ಠಿ. ಮುಖ್ಯ ಅತಿಥಿಗಳು ಒಂದು ಸಸಿ ನೆಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಕವಿಗಳು ಮರವನ್ನು ತಾಯಿ ಎನ್ನುತ್ತಾರೆ, ಮನುಷ್ಯನನ್ನು ಕಟುಕ ಎನ್ನುತ್ತಾರೆ. ಶಾಲು, ಹಾರ, ನೆನಪಿನ ಕಾಣಿಕೆಗಳ ವಿನಿಮಯವಾಗುತ್ತದೆ. ನಾಳೆಯಿಂದ ಆ ಸಸಿಗೆ ನೀರು ಹಾಕುವವರು ಯಾರು ಎಂದು ಯಾರೂ ಕೇಳುವುದಿಲ್ಲ. ಮುಂದಿನ ವರ್ಷ ಅದೇ ತಗ್ಗಿನಲ್ಲಿ ಇನ್ನೊಂದು ಸಸಿ, ಅದೇ ಮೈಕಿನಲ್ಲಿ ಇನ್ನೊಂದು ಪದ್ಯ.

ಇದನ್ನು ನಾವು ಜನಜಾಗೃತಿ ಎಂದು ಕರೆಯುತ್ತಿದ್ದೇವೆ. ಭೂಸನೂರಿನ ಸುತ್ತಮುತ್ತಲ ಯರಿಭೂಮಿಯಲ್ಲಿ, ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳಲ್ಲಿ ಆಗಿರುವುದನ್ನು ಕಂಡವರಿಗೆ ಈ ಜಾಗೃತಿ ಕ್ರೂರ ತಮಾಷೆಯಂತೆ ಕಾಣದೆ ಇರದು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ದಂಡೆಯ ಹಳ್ಳಿಗಳ ಮನೆಗಳೊಳಗೆ ನುಗ್ಗಿತು. 2022ರ ಕೊನೆಯಲ್ಲಿ ಕಾಯಿ ಕಟ್ಟುವ ಹೊತ್ತಿಗೆ ತೊಗರಿ ನೆಟೆ ಹೋಯಿತು. ಹಸಿರಾಗಿ ನಿಂತಿದ್ದ ಹೊಲಗಳು ನೋಡನೋಡುತ್ತಿದ್ದಂತೆ ಒಣಗಿ ಕಟ್ಟಿಗೆಯಾದವು. 2023ರಲ್ಲಿ ಮಳೆ ಕೈಕೊಟ್ಟು, ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರವೇ ಘೋಷಿಸಿತು. 2025ರ ಸೆಪ್ಟೆಂಬರಿನಲ್ಲಿ ಮತ್ತೆ ನೆರೆ. ಐದು ವರ್ಷಗಳಲ್ಲಿ ಎರಡು ನೆರೆ, ಒಂದು ಬರ, ಒಂದು ಬೆಳೆರೋಗ. ಇಷ್ಟನ್ನು ಉಂಡ ನಾಡಿನ ಕವಿಗೋಷ್ಠಿಗಳಲ್ಲಿ ಭೀಮೆಯೂ ಇಲ್ಲ, ತೊಗರಿಯೂ ಇಲ್ಲ. ಯಾವುದೋ ಹೆಸರಿಲ್ಲದ ಕಾಡು, ಹೆಸರಿಲ್ಲದ ಹಕ್ಕಿ!

ನೆರೆ, ಬರಗಳು ಹಿಂದೆಯೂ ಇದ್ದವಲ್ಲ ಎಂದು ಕೇಳುವವರಿದ್ದಾರೆ. ಇದ್ದವು, ನಿಜ. ಆದರೆ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಸುಮಾರು ಶೇಕಡಾ 7ರಷ್ಟು ಹೆಚ್ಚುತ್ತದೆ ಎಂಬುದು ವಿಜ್ಞಾನದ ಮೊದಲ ಪಾಠ. ಬಿಸಿ ಗಾಳಿ ನೆಲದ ಹಸಿಯನ್ನು ಬೇಗ ಹೀರುತ್ತದೆ, ಸುರಿಸುವಾಗ ಒಮ್ಮೆಗೇ ಸುರಿಸುತ್ತದೆ. ಹೀಗಾಗಿ ಒಂದೇ ಹೊಲ ಒಂದೇ ಹಂಗಾಮಿನಲ್ಲಿ ನೀರು ನಿಂತು ಕೊಳೆಯಬಹುದು, ಮುಂದೆ ಹಸಿ ಸಾಲದೆ ಸಾಯಲೂಬಹುದು. ಮಣ್ಣಿನಲ್ಲಿ ಅಡಗಿರುವ ನೆಟೆಯ ಶಿಲೀಂಧ್ರಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಬೇರಿಲ್ಲ. 2024ರಲ್ಲಿ ಭೂಮಿಯ ಸರಾಸರಿ ಉಷ್ಣತೆ ಕೈಗಾರಿಕೆಗಳ ಪೂರ್ವಕಾಲಕ್ಕಿಂತ ಸುಮಾರು 1.55 ಡಿಗ್ರಿ ಮೇಲೇರಿತ್ತೆಂದು ವಿಶ್ವ ಹವಾಮಾನ ಸಂಸ್ಥೆ ಹೇಳಿದೆ. ಈ ಅಂಕಿಯನ್ನು ಭೂಸನೂರಿನ ಹೊಲದ ಭಾಷೆಗೆ ತರುವವರು ಯಾರು? ಹವಾಮಾನದ ಮಹಾವರದಿಗಳು ಬರುವುದು ವಿಶ್ವಸಂಸ್ಥೆಯ ಆರು ಭಾಷೆಗಳಲ್ಲಿ. ಅವುಗಳಲ್ಲಿ ಕನ್ನಡವಿಲ್ಲ. ಆ ಕೆಲಸ ಕವಿಯದು, ಹಾಡುಗಾರನದು ಎಂಬುದು ನಮ್ಮ ನಂಬಿಕೆ. ನಮ್ಮ ಜಗಳವಿರುವುದು ಕವಿತೆಯ ಜೊತೆ ಅಲ್ಲ, ಕೆಲಸ ತಪ್ಪಿಸಿಕೊಂಡ ಕವಿತೆಯ ಜೊತೆ.

ಕನ್ನಡದ ನಿಸರ್ಗ ಕಾವ್ಯ ಬಹುಮಟ್ಟಿಗೆ ಮಲೆನಾಡು ಮತ್ತು ಕರಾವಳಿಯ ಕೂಸು. ಕುವೆಂಪು ಅವರ ಕಾಡು ದೊಡ್ಡದು. ನಿಸಾರ್ ಅಹಮದ್ ಅವರ 'ನಿತ್ಯೋತ್ಸವ'ದ ಜೋಗ, ತುಂಗೆಯರು ನಾಡಿನ ಎಲ್ಲರ ಬಾಯಲ್ಲಿದ್ದಾರೆ. ಅವರು ತಮ್ಮ ನೆಲವನ್ನು ಕಂಡು ಹಾಡಿದರು. ನಾವು ನಮ್ಮ ನೆಲವನ್ನು ಕಾಣದೆ ಅವರ ಹಸಿರನ್ನು ಸಾಲ ತಂದು ಹಾಡುತ್ತಿದ್ದೇವೆ. ಮರವಿಲ್ಲದ, ಬಿರುಕು ಬಿಟ್ಟ ಕಪ್ಪುನೆಲವೂ ಪ್ರಕೃತಿಯೇ ಎಂಬುದು ನಮಗೆ ಮರೆತುಹೋಗಿದೆ. ಹಸಿರಿಲ್ಲದ ಕಡೆ ಪರಿಸರವಿಲ್ಲ ಎಂದುಕೊಂಡವರಿಗೆ ಒಡ್ಡು ಒಡೆದದ್ದು ಕಾಣದು, ಹಳ್ಳದ ಮರಳು ಲಾರಿ ಏರಿದ್ದು ಕಾಣದು, ಬೋರ್‌ವೆಲ್ ವರ್ಷ ವರ್ಷ ಆಳಕ್ಕಿಳಿಯುವುದೂ ಕಾಣದು.

ಭೂಸನೂರಿನಲ್ಲಿ ಸಕ್ಕರೆ ಕಾರ್ಖಾನೆಯಿದೆ. ಕಬ್ಬಿಗೆ ಒಂದು ಬೆಳೆಯ ಅವಧಿಯಲ್ಲಿ 1500ರಿಂದ 2500 ಮಿಲಿಮೀಟರ್ ನೀರು ಬೇಕೆಂದು ಕೃಷಿಶಾಸ್ತ್ರ ಹೇಳುತ್ತದೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ 800 ಮಿಲಿಮೀಟರಿನ ಆಸುಪಾಸು. ಉಳಿದದ್ದು ನದಿಯಿಂದ ಬರಬೇಕು, ಇಲ್ಲವೆ ನೆಲದ ಹೊಟ್ಟೆಯಿಂದ. ಇದು ಮೂರನೆಯ ತರಗತಿಯ ಮಗುವೂ ಮಾಡಬಲ್ಲ ಲೆಕ್ಕ. ಈ ಲೆಕ್ಕವಿಟ್ಟು ಬರೆದ ಪದ್ಯವನ್ನು ನಮ್ಮ ವೇದಿಕೆಗಳ ಮೇಲೆ ನಾವು ಕೇಳಿಲ್ಲ.

ಹಾಗೆಂದು ಕಬ್ಬು ಬೆಳೆದ ರೈತನನ್ನು ಕಟಕಟೆಗೆ ನಿಲ್ಲಿಸುವುದು ಅನ್ಯಾಯ. ತೊಗರಿಗೆ ಸರ್ಕಾರ 2025-26ರ ಹಂಗಾಮಿಗೆ ಕ್ವಿಂಟಲಿಗೆ 8000 ರೂಪಾಯಿ ಬೆಂಬಲ ಬೆಲೆ ಸಾರಿತು. ಆದರೆ ಹೊರದೇಶದ ತೊಗರಿ ಸುಂಕವಿಲ್ಲದೆ ಬಂದಿಳಿದಾಗ ಮಾರುಕಟ್ಟೆಯಲ್ಲಿ ರೈತನ ಕೈಗೆ ಸಿಗುವುದೆಷ್ಟು? 'ಗುಲ್ಬರ್ಗಾ ತೊಗರಿ ಬೇಳೆ'ಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಬಂತು, ನಾವು ಸಿಹಿ ಹಂಚಿದೆವು. ಆದರೆ ಮನ್ನಣೆಯ ಕಾಗದದಿಂದ ಸಾಲ ತೀರುವುದಿಲ್ಲ. ಮಳೆಗೂ ಬೆಲೆಗೂ ಹೆದರಿದ ರೈತ ಕೊಳ್ಳುವವರು ಕಣ್ಣೆದುರಿಗೇ ಇರುವ ಬೆಳೆಯತ್ತ ಹೊರಳುತ್ತಾನೆ. ಅವನಿಗೆ ನೀರು ಉಳಿಸು ಎಂದು ಬೋಧಿಸುವ ಕವಿ, ಅವನ ತೊಗರಿಗೆ ಬೆಲೆ ಕೊಡಿ ಎಂದು ದೊರೆಗಳಿಗೆ ಹೇಳದಿದ್ದರೆ ಆ ಬೋಧನೆ ಬೂಟಾಟಿಕೆಯಾಗುತ್ತದೆ.

ಬಿಸಿಲಿನ ವಿಷಯದಲ್ಲೂ ಇದೇ ಕಥೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳನ್ನು ಬೆಳಗಿನ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುವುದು ವರ್ಷಗಳಿಂದ ಬಂದ ರೂಢಿ. ಒಳ್ಳೆಯದೇ. ಆದರೆ ಇಟ್ಟಿಗೆ ಭಟ್ಟಿಯಲ್ಲಿ ದುಡಿಯುವವನಿಗೆ, ಹಮಾಲನಿಗೆ, ತಳ್ಳುಗಾಡಿಯ ಹಣ್ಣಿನ ವ್ಯಾಪಾರಿಗೆ, ಗುಳೆ ಹೋಗಿ ಸೆಂಟ್ರಿಂಗ್ ಕಟ್ಟುವವನಿಗೆ ಈ ಸುತ್ತೋಲೆ ಅನ್ವಯಿಸುವುದಿಲ್ಲ. ಫ್ಯಾನಿನ ಕೆಳಗಿರುವವನಿಗೆ ರಿಯಾಯಿತಿ, ಸೂರ್ಯನ ಕೆಳಗಿರುವವನಿಗೆ ಸಬೂರಿ. ಇವರಲ್ಲಿ ಮುಸಲ್ಮಾನರು, ದಲಿತರು, ಭೂಮಿಯಿಲ್ಲದವರು ಎಷ್ಟು ಮಂದಿ ಎಂದು ಸಂತೆಯಲ್ಲಿ ಒಂದು ಸುತ್ತು ಹಾಕಿದರೆ ಗೊತ್ತಾಗುತ್ತದೆ.

ಕವಿತೆಯಿಂದ ಜನರನ್ನು ಎಚ್ಚರಿಸುವ ವಿದ್ಯೆ ನಮಗೆ ಹೊಸದಲ್ಲ. ದಖನ್ನಿನ ಸೂಫಿಗಳು ಚಕ್ಕಿನಾಮಾಗಳ ಮೂಲಕ, ಬೀಸುವ ಕಲ್ಲಿನ ಗತ್ತಿಗೆ ಪದ ಕಟ್ಟಿ, ಹೆಣ್ಣುಮಕ್ಕಳ ಅಡಿಗೆಮನೆಯೊಳಗೆ ಅಧ್ಯಾತ್ಮವನ್ನು ತಲುಪಿಸಿದರು. ಕಡಕೋಳ ಮಡಿವಾಳಪ್ಪ, ಚೆನ್ನೂರ ಜಲಾಲಸಾಹೇಬರಂಥ ತತ್ವಪದಕಾರರು ಇದೇ ಜೇವರ್ಗಿ ಸೀಮೆಯವರು. ಅವರ ಪದಗಳಿಗೆ ಸಭಾಂಗಣ ಬೇಕಿರಲಿಲ್ಲ. ಏಕತಾರಿ, ದಮ್ಮಡಿ ಸಾಕಿತ್ತು. ಮಳೆ ತಡವಾದಾಗ ಗುರ್ಜಿ ಹೊತ್ತು ಮನೆಮನೆಯ ಮುಂದೆ ನೀರು ಹೊಯ್ಸಿಕೊಳ್ಳುವ ಹುಡುಗರ ಹಾಡೂ ನಮ್ಮದೇ. ಮೊಹರಂನಲ್ಲಿ ಹಿಂದೂ ಮುಸ್ಲಿಮರು ಕೂಡಿ ಕನ್ನಡದಲ್ಲಿ ಹಾಡುವ ರಿವಾಯತ್ ಪದಗಳ ಎದೆಯಲ್ಲಿರುವುದೇನು? ಫುರಾತ್ ನದಿ ಕಣ್ಣೆದುರು ಹರಿಯುತ್ತಿದ್ದರೂ ಹನಿ ನೀರು ಸಿಗದ ಕರ್ಬಲಾದ ಮಕ್ಕಳ ದಾಹ. ನೀರಿನ ಮೇಲೆ ಅಧಿಕಾರ ಯಾರದು ಎಂಬ ಪ್ರಶ್ನೆಯನ್ನು ನೂರಾರು ವರ್ಷಗಳಿಂದ ಹಾಡಿಕೊಂಡು ಬಂದ ಜನ ನಾವು. ಬೇಸಿಗೆಯಲ್ಲಿ ಬತ್ತುವ ಭೀಮೆಯ ದಂಡೆಯ ಮೇಲೆ ನಿಂತು, ಉಜನಿ ಜಲಾಶಯದ ನೀರಿನ ಪಾಲಿನ ಬಗ್ಗೆ, ಸೊನ್ನ ಬ್ಯಾರೇಜಿನ ನೀರು ಯಾರಿಗೆ ಮೊದಲು ಎಂಬುದರ ಬಗ್ಗೆ ಒಂದು ರಿವಾಯತ್ ಕಟ್ಟಲು ನಮಗೆ ಯಾರ ಅಪ್ಪಣೆ ಬೇಕು?

ನಮ್ಮ ಸಮುದಾಯಕ್ಕೂ ಎರಡು ಮಾತು ಹೇಳಲೇಬೇಕು. ಬರ ಬಿದ್ದಾಗ ಬಯಲಿಗೆ ಹೋಗಿ ಮಳೆಗಾಗಿ ನಮಾಜು ಮಾಡುತ್ತೇವೆ. ಅದೇ ದಿನ ಮಸೀದಿಯ ನಲ್ಲಿಯನ್ನು ಪೂರ್ತಿ ತಿರುವಿ ವುಜೂ ಮಾಡುತ್ತೇವೆ. ಆ ನೀರು ನೇರ ಚರಂಡಿಗೆ. ಹರಿಯುವ ಹೊಳೆಯ ದಂಡೆಯಲ್ಲಿದ್ದರೂ ವುಜೂವಿನಲ್ಲಿ ನೀರು ಪೋಲು ಮಾಡಬೇಡಿ ಎಂದು ಕಲಿಸಿದ ಪ್ರವಾದಿಯವರ (ಸ) ಅನುಯಾಯಿಗಳು ನಾವು. ಉರುಸಿರಲಿ, ಜಾತ್ರೆಯಿರಲಿ, ಇಜ್ತೆಮಾ ಇರಲಿ, ಮರುದಿನ ಬಯಲಿನಲ್ಲಿ ಉಳಿಯುವುದು ಪ್ಲಾಸ್ಟಿಕ್ ಲೋಟದ ರಾಶಿ. 2015ರ ಆಗಸ್ಟಿನಲ್ಲಿ ಇಸ್ತಾಂಬುಲಿನಲ್ಲಿ ಮುಸ್ಲಿಂ ವಿದ್ವಾಂಸರು ಹವಾಮಾನ ಬದಲಾವಣೆಯ ಕುರಿತು ಒಂದು ಘೋಷಣೆ ಹೊರಡಿಸಿದರು. ಅದರ ಸಾರ ನಮ್ಮ ಎಷ್ಟು ಶುಕ್ರವಾರದ ಖುತ್ಬಾಗಳಿಗೆ ಇಳಿದಿದೆ?

ಮತ್ತೊಂದು ಮಾತು ಇಬ್ಬರಿಗೂ. 2022ರ ಮಾರ್ಚ್ 1ರ ಶಿವರಾತ್ರಿಯಂದು ಆಳಂದದ ದರ್ಗಾ ಆವರಣದ ಪೂಜೆಯ ವಿವಾದದಲ್ಲಿ ನಿಷೇಧಾಜ್ಞೆ, ಗದ್ದಲ, ಕಲ್ಲು ತೂರಾಟ ನಡೆದು ಊರಿನ ಹೆಸರು ದೇಶದ ಸುದ್ದಿಯಾಯಿತು. ಅದೇ ವರ್ಷದ ಕೊನೆಗೆ ಅದೇ ತಾಲೂಕಿನ ತೊಗರಿ ನೆಟೆ ಹೋದಾಗ ಬೀದಿಗೆ ಬಂದವರಲ್ಲಿ ರೈತ ಸಂಘಟನೆಗಳ ಆಚೆಗೆ ಎಷ್ಟು ಜನರಿದ್ದರು? ನೆಟೆ ರೋಗ ಹೊಲದ ಪಹಣಿಯಲ್ಲಿರುವ ಹೆಸರು ಓದಿ ಬರುವುದಿಲ್ಲ. ಭೀಮೆ ಮನೆಯೊಳಗೆ ನುಗ್ಗುವಾಗ ಗೋಡೆಗೆ ತೂಗುಹಾಕಿದ ಚಿತ್ರ ಯಾರದೆಂದು ನೋಡುವುದಿಲ್ಲ. ನಮ್ಮನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿದವರಿಗೆ ಇದು ಗೊತ್ತಿದೆ, ಗೊತ್ತಾಗಬೇಕಾದದ್ದು ನಮಗೆ.

ಪದ್ಯದಿಂದ ಮಳೆ ಬರುತ್ತದೆಯೇ ಎಂದು ಕುಹಕವಾಡುವವರಿಗೆ ಉತ್ತರವಿದೆ. 2014ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ ಹವಾಮಾನ ಶೃಂಗಸಭೆಯಲ್ಲಿ, ಸಮುದ್ರ ನುಂಗುತ್ತಿರುವ ಮಾರ್ಷಲ್ ದ್ವೀಪಗಳ ಕವಯಿತ್ರಿ ಕ್ಯಾಥಿ ಜೆಟ್ನಿಲ್ ಕಿಜಿನರ್ ತನ್ನ ಪುಟ್ಟ ಮಗಳಿಗೆಂದು ಬರೆದ ಕವಿತೆಯನ್ನು ರಾಷ್ಟ್ರನಾಯಕರ ಎದುರು ಓದಿದಳು. ಆಕೆ 'ಪ್ರಕೃತಿ' ಎಂಬ ಪದಕ್ಕಾಗಿ ಅಳಲಿಲ್ಲ, ತನ್ನ ದ್ವೀಪಕ್ಕಾಗಿ, ತನ್ನ ಕೂಸಿಗಾಗಿ ಮಾತಾಡಿದಳು. ನಮ್ಮ ರಾಜ್ಯದಲ್ಲೇ 1983ರಲ್ಲಿ ಶಿರಸಿಯ ಸಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡಾಗ, ಆ ಚಳವಳಿ ಹಾಡು, ಬೀದಿನಾಟಕ, ಪಾದಯಾತ್ರೆಗಳ ಮೂಲಕ ಊರೂರು ದಾಟಿತು. 1987ರಲ್ಲಿ ಕುಸನೂರಿನ ರೈತರು ತಮ್ಮ ಗೋಮಾಳದಲ್ಲಿ ಕಂಪನಿ ನೆಟ್ಟ ನೀಲಗಿರಿಯನ್ನು ಕಿತ್ತು ಬೇಕಾದ ಗಿಡ ನೆಟ್ಟರು; 'ಕಿತ್ತಿಕೋ ಹಚ್ಚಿಕೋ' ಎಂಬ ಎರಡೇ ಪದ ಸಾವಿರ ಭಾಷಣಗಳ ಕೆಲಸ ಮಾಡಿತು. 2025ರ ಫೆಬ್ರವರಿ 24ರಂದು ಕಾರ್ಖಾನೆಯ ಹೊಗೆಯ ವಿರುದ್ಧ ಇಡೀ ಕೊಪ್ಪಳ ಬಂದ್ ಆಯಿತು, ಮಠದ ಸ್ವಾಮೀಜಿಗಳೇ ಬೀದಿಗಿಳಿದರು. ಕಲ್ಯಾಣ ಕರ್ನಾಟಕದ ಜನ ಎದ್ದು ನಿಲ್ಲಲಾರರು ಎಂಬ ಮಾತು ಅಂದಿಗೆ ಸುಳ್ಳಾಯಿತು.

ಒಬ್ಬ ಅಮೆರಿಕನ್ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಹೊಗೆ ಬಿಡುವಾಗ ಒಬ್ಬ ಭಾರತೀಯನ ಪಾಲು ಸುಮಾರು 2 ಟನ್. ನಾವೇಕೆ ಚಿಂತಿಸಬೇಕು ಎನ್ನುವ ವಾದವೂ ಇದೆ. ಆಳಂದದ ಕೂಲಿಯವನ ಪಾಲು ಅದರಲ್ಲೂ ಕಡಿಮೆ. ಹಾಗಾಗಿಯೇ ಚಿಂತಿಸಬೇಕು. ಸಾಲ ಮಾಡಿದವರು ಬೇರೆ, ಜಪ್ತಿಯಾಗುತ್ತಿರುವುದು ನಮ್ಮ ಮನೆ. ಸುಮ್ಮನಿದ್ದರೆ ನಮ್ಮ ಸರದಿಯ ನ್ಯಾಯವನ್ನು ಯಾರೂ ತಂದುಕೊಡುವುದಿಲ್ಲ.

ಆದ್ದರಿಂದ ನಮ್ಮ ಕವಿಗಳಲ್ಲಿ ನಮ್ಮ ಬೇಡಿಕೆ ಇಷ್ಟು. ಮುಂದಿನ ಜೂನ್ 5ರ ಗೋಷ್ಠಿಯನ್ನು ಸಭಾಂಗಣದಿಂದ ಎಬ್ಬಿಸಿ ಗ್ರಾಮಸಭೆಗೆ ತನ್ನಿ. ಜೋಳದ ಸಾಲಿನ ಜೊತೆ ತೊಗರಿ ಹಾಕುತ್ತಿದ್ದ ಅಕ್ಕಡಿ ಪದ್ಧತಿಯಲ್ಲಿ ನೆಟೆ ಕಡಿಮೆ ಎಂಬುದನ್ನು ಕೃಷಿ ವಿಜ್ಞಾನಿಗಳೂ ಒಪ್ಪಿದ್ದಾರೆ. ಆ ಬಿತ್ತನೆಯನ್ನು ಬಲ್ಲ ಅಜ್ಜಿಯರ ಪದಗಳನ್ನು ಕೇಳಿ ಬರೆದುಕೊಳ್ಳಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲಿ ಒಂದು ಸಮಿತಿ, ಒಂದು ದಾಖಲೆ ಪುಸ್ತಕ ಇರಬೇಕು. ಅದು ನಿಮ್ಮೂರಲ್ಲಿ ಎಲ್ಲಿದೆ ಎಂದು ಕೇಳಿ, ಸಿಗದಿದ್ದರೆ ಅದರ ಮೇಲೆ ಒಂದು ಪದ ಕಟ್ಟಿ. ಮಸೀದಿ, ಮಠ, ಗುಡಿಗಳ ಛಾವಣಿಯ ಮಳೆನೀರು ಹೊಂಡಕ್ಕೆ ಇಳಿಯುವಂತೆ ಮಾಡಲು ಮುತವಲ್ಲಿಗಳನ್ನೂ ಟ್ರಸ್ಟಿಗಳನ್ನೂ ಒತ್ತಾಯಿಸಿ. ಬಿಸಿಲಿನ ಸುತ್ತೋಲೆ ಕೂಲಿಕಾರನಿಗೂ ಅನ್ವಯಿಸಲಿ ಎಂದು ಹಾಡಿ.

ಪ್ರಳಯವೇ ಬಂದರೂ ಕೈಯಲ್ಲಿ ಸಸಿಯಿದ್ದರೆ ನೆಟ್ಟುಬಿಡಿ ಎಂಬ ಪ್ರವಾದಿ ವಚನ ನಮ್ಮಲ್ಲಿ ಪ್ರಸಿದ್ಧ. ಅದು ಫೋಟೋಗಾಗಿ ನೆಡುವವರನ್ನು ಕುರಿತು ಹೇಳಿದ್ದಲ್ಲ. ನೆಟ್ಟ ಸಸಿಗೆ ನೀರು ಬೇಕು, ನೀರಿಗೆ ನ್ಯಾಯ ಬೇಕು. ಆ ನ್ಯಾಯ ಕೇಳುವ ಪದ್ಯ ಬರಲಿ, ಅದನ್ನು ಅಚ್ಚು ಹಾಕಲು ನಾವು ಸಿದ್ಧ.